ಕರುಳಿನ ಹಾರ್ಮೋನು ಪುಡಿಯಲ್ಲಿ ಸಿಗುತ್ತದೆಯೇ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಬದಿಯಡ್ಕ ಹತ್ತಿರದ ಹಳ್ಳಿ. ಅಮ್ಮನಿಗೆ 62 ವರ್ಷ. ಶುಗರ್ ಇದೆ, ತೂಕವೂ ಜಾಸ್ತಿ. ಪರಿಚಯದವರೊಬ್ಬರು ‘ಗಟ್ ಪೆಪ್ಟೈಡ್ ಮತ್ತು ಆಂಟಿಆಕ್ಸಿಡೆಂಟ್’ ಇರುವ ಪುಡಿ ತಂದುಕೊಟ್ಟಿದ್ದಾರೆ. ವಾರಕ್ಕೊಮ್ಮೆ ಚುಚ್ಚುವ ಇಂಜೆಕ್ಷನ್ನಿನ ಕೆಲಸವನ್ನೇ ಇದು ಮಾಡುತ್ತದಂತೆ. ಕೊಡಬಹುದಾ?

ಉತ್ತರ: ಕೊಡಬೇಡಿ. ಯಾಕೆ ಅಂತ ಹೇಳುತ್ತೇನೆ.

ಅಮ್ಮ ಒಂದು ಬಟ್ಟಲು ಗಂಜಿ ಉಂಡರು ಅನ್ನಿ. ಅದು ಕರುಳಿಗೆ ಇಳಿದ ಹಾಗೆ ಅಲ್ಲಿನ ಕೆಲವು ಕೋಶಗಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಇದರಿಂದ ಇನ್ಸುಲಿನ್ ಏರುತ್ತದೆ, ಜಠರ ನಿಧಾನವಾಗಿ ಖಾಲಿಯಾಗುತ್ತದೆ, ಹೊಟ್ಟೆ ತುಂಬಿತು ಎಂದು ಮೆದುಳಿಗೆ ಗೊತ್ತಾಗುತ್ತದೆ. ಆದರೆ ಇದರ ಆಯಸ್ಸು ತೀರಾ ಕಮ್ಮಿ. ಡಿಪಿಪಿ-4 ಎಂಬ ಕಿಣ್ವ ಸುಮಾರು ಎರಡು ನಿಮಿಷದಲ್ಲಿ ಅರ್ಧದಷ್ಟನ್ನು ಕತ್ತರಿಸಿ ಹಾಕುತ್ತದೆ. ವಾರಕ್ಕೊಮ್ಮೆ ಚುಚ್ಚುವ ಸೆಮಾಗ್ಲುಟೈಡ್ ಇಂಜೆಕ್ಷನ್ ಇದೇ ಹಾರ್ಮೋನಿನ ಬದಲಾಯಿಸಿದ ರೂಪ. ಆ ಕಿಣ್ವಕ್ಕೆ ಅದು ಸುಲಭವಾಗಿ ಸಿಗುವುದಿಲ್ಲ. ವಾರ ಕಳೆದರೂ ಹೆಚ್ಚುಕಮ್ಮಿ ಅರ್ಧ ಉಳಿದಿರುತ್ತದೆ.

ಇನ್ನು ಪುಡಿ. ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳ ಸರಪಳಿ, ಜಿಎಲ್‌ಪಿ-1 ಕೂಡ ಅದೇ. ಸುಮ್ನೆ ನುಂಗಿದರೆ ಮೀನು, ಮೊಟ್ಟೆಯ ಪ್ರೊಟೀನಿನಂತೆ ಅದೂ ಜೀರ್ಣವಾಗಿ ಹೋಗುತ್ತದೆ. ಸೆಮಾಗ್ಲುಟೈಡ್ ಮಾತ್ರೆಯೂ ಇದೆ, ನಿಜ. ಅದನ್ನು ಹೀರಿಸಲೆಂದೇ ಬೇರೊಂದು ವಸ್ತು ಸೇರಿಸಿರುತ್ತಾರೆ. ಖಾಲಿ ಹೊಟ್ಟೆಯಲ್ಲಿ ಸ್ವಲ್ಪವೇ ನೀರಿನಲ್ಲಿ ನುಂಗಿ ಅರ್ಧ ಗಂಟೆ ಏನೂ ತಿನ್ನಬಾರದು. ಇಷ್ಟಾದರೂ ರಕ್ತಕ್ಕೆ ಸೇರುವುದು ಚೂರೇ ಚೂರು.

ಆಂಟಿಆಕ್ಸಿಡೆಂಟ್ ಜಾಸ್ತಿಯಾದಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ಸರಿಯಲ್ಲ. ಗ್ಲುಟಾಥಯೋನ್, ಕ್ಯಾಟಲೇಸ್ ಎಂಬ ಆಂಟಿಆಕ್ಸಿಡೆಂಟ್‌ಗಳನ್ನು ದೇಹ ತಾನೇ ತಯಾರಿಸಿಕೊಳ್ಳುತ್ತದೆ. ಇವು ತಣಿಸುವ, ಕೋಶಗಳಿಗೆ ಪೆಟ್ಟು ಕೊಡಬಲ್ಲ ಫ್ರೀ ರ್‍ಯಾಡಿಕಲ್‌ಗಳೂ ಬರೀ ಶತ್ರುಗಳಲ್ಲ. ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲಲು ಅವನ್ನು ಬಳಸುತ್ತವೆ. ಫಿನ್ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕ್ಯಾರೋಟಿನ್ ಎಂಬ ಆಂಟಿಆಕ್ಸಿಡೆಂಟಿನ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿಲ್ಲ, ಶೇ 18ರಷ್ಟು ಹೆಚ್ಚೇ ಕಂಡಿತು. ನಿಮ್ಮ ಹಿತ್ತಲಿನ ಪುನರ್ಪುಳಿಯ ಕೆಂಪು ಬಣ್ಣವೂ ಆಂಟಿಆಕ್ಸಿಡೆಂಟೇ. ಸಕ್ಕರೆ ಹಾಕಿದ ಶರಬತ್ತು ಬೇಡ, ಸಾರು ಮಾಡಿ ಬಡಿಸಿ.

ಕರುಳು ತಾನಾಗಿ ಈ ಹಾರ್ಮೋನು ಬಿಡುವಂತೆ ಮಾಡಲು ನಾರು ಬೇಕು. ಹುರುಳಿ, ಬಾಳೆದಿಂಡಿನ ಪಲ್ಯ ಮಾಡುತ್ತೀರಲ್ವಾ? ಅದರ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುಳಿಸಿದಾಗ ಹುಟ್ಟುವ ಆಮ್ಲಗಳು ಅದೇ ಕೋಶಗಳನ್ನು ಚುರುಕು ಮಾಡುತ್ತವೆ. ಪಲ್ಯ, ಮೀನು ಮೊದಲು, ಅನ್ನ ಆಮೇಲೆ. ಹಾಗೆ ಉಂಡರೆ ಶುಗರ್ ಏರುವುದೂ ಕಮ್ಮಿ. ಇಂಜೆಕ್ಷನ್ನಿನಷ್ಟು ಬಲ ಇದಕ್ಕಿಲ್ಲ, ಆದರೂ ದಿನಾ ಮಾಡುವಂಥದ್ದು.

ಇನ್ನೊಂದು ವಿಷಯ. ಅಮ್ಮನ ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿ. ಸಿಟಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ಹೀಗೆ ‘ಗ್ಲಿಪ್ಟಿನ್’ ಎಂದು ಮುಗಿಯುವ ಹೆಸರಿದ್ದರೆ, ಅದು ಡಿಪಿಪಿ-4ನ್ನು ತಡೆದು ಅವರದೇ ಹಾರ್ಮೋನನ್ನು ಉಳಿಸುವ ಔಷಧ. ಮುಂದೆ ಡಾಕ್ಟರು ಇಂಜೆಕ್ಷನ್ ಬರೆದರೆ ಸಾಮಾನ್ಯವಾಗಿ ಗ್ಲಿಪ್ಟಿನ್ ನಿಲ್ಲಿಸುತ್ತಾರೆ. ಅದನ್ನು ಅವರೇ ಹೇಳಬೇಕು. ನೀವಾಗಿ ಯಾವ ಮಾತ್ರೆಯನ್ನೂ ಬಿಡಿಸಬೇಡಿ.