ಪಿಟ್ಸ್‌ಬರ್ಗಿನ ಹಿರಿಯರು ಅರವತ್ತು ವರ್ಷ ಹಿಂದಿನ ಬೇಸ್‌ಬಾಲ್ ಆಟವನ್ನು ಇಂದಿಗೂ ನೆನೆಯುವುದೇಕೆ?

ಪಿಟ್ಸ್‌ಬರ್ಗಿಗೆ ಕೆಲಸಕ್ಕೆ ಬಂದು ಒಂದು ವರ್ಷವಾಯಿತೆಂದೂ, ಇಲ್ಲಿನ ವಯಸ್ಸಾದವರು ನಾಲ್ಕು ಜನ ಸೇರಿದಲ್ಲೆಲ್ಲ ಕ್ಲೆಮೆಂಟೆ, ಮ್ಯಾಜೆರಾಸ್ಕಿ, ಸ್ಟಾರ್ಜೆಲ್ ಎಂಬ ಹಳೆಯ ಬೇಸ್‌ಬಾಲ್ ಆಟಗಾರರ ಹೆಸರುಗಳನ್ನೇ ಎತ್ತುತ್ತಾರೆಂದೂ, ಆ ಆಟಗಳಲ್ಲಿ ಒಂದನ್ನೂ ಕಾಣದ ನಿಮಗೆ ಆ ಮಾತಿನಲ್ಲಿ ಕೂಡಿಕೊಳ್ಳುವ ದಾರಿ ಯಾವುದೆಂದೂ ಕೇಳಿದ್ದೀರಿ. ನಾನು ಈ ಊರಿಗೆ ಬಂದು ಹತ್ತೊಂಬತ್ತು ವರ್ಷಗಳಾದವು. ಮೊದಲ ಮೂರು ವರ್ಷ ನಾನೂ ನಿಮ್ಮಂತೆಯೇ ಇಂಥ ಮಾತುಗಳ ನಡುವೆ ನಗುತ್ತ, ತಲೆಯಾಡಿಸುತ್ತ ಸುಮ್ಮನೆ ಕುಳಿತಿರುತ್ತಿದ್ದೆ. ಪಕ್ಕದ ಮನೆಯ ಹಿರಿಯರೊಬ್ಬರು ನನ್ನನ್ನು ಅದರೊಳಕ್ಕೆ ಕರೆದುಕೊಂಡರು. ಆದ್ದರಿಂದ ನನ್ನ ಉತ್ತರದಲ್ಲಿ ಅವರ ವಿಷಯವೇ ಹೆಚ್ಚು ಬರುತ್ತದೆ.

ಅವರು ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಈಗ ಎಂಬತ್ತರ ಗಡಿಯಲ್ಲಿದ್ದಾರೆ. ಒಂದು ಅಕ್ಟೋಬರ್ 13ರಂದು ಮಡಿಸುವ ಕುರ್ಚಿಯೊಂದನ್ನು ನನ್ನ ಕೈಗೆ ಕೊಟ್ಟು ಓಕ್‌ಲ್ಯಾಂಡ್ ಬಡಾವಣೆಗೆ ಕರೆದೊಯ್ದರು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಆವರಣದೊಳಗೆ, ಬಳ್ಳಿ ಹಬ್ಬಿದ ಹಳೆಯ ಇಟ್ಟಿಗೆ ಗೋಡೆಯೊಂದು ಮತ್ತು ಒಂದು ಧ್ವಜಸ್ತಂಭ ನಿಂತಿವೆ. 1909ರಿಂದ 1970ರವರೆಗೆ ಊರಿನ ಬೇಸ್‌ಬಾಲ್ ತಂಡವಾದ ಪೈರೇಟ್ಸ್ ತಂಡದ ತವರಾಗಿದ್ದ ಫೋರ್ಬ್ಸ್ ಫೀಲ್ಡ್ ಕ್ರೀಡಾಂಗಣದಲ್ಲಿ ಉಳಿದಿರುವುದು ಹೆಚ್ಚು ಕಡಿಮೆ ಅಷ್ಟೇ. ಬ್ಯಾಟುಗಾರರು ನಿಲ್ಲುತ್ತಿದ್ದ ಹೋಮ್ ಪ್ಲೇಟನ್ನು ಹತ್ತಿರದ ಪೋಸ್ವರ್ ಹಾಲ್ ಎಂಬ ಕಟ್ಟಡದ ನೆಲದಲ್ಲಿ ಗಾಜಿನಡಿ ಇರಿಸಿದ್ದಾರೆ. ವಿದ್ಯಾರ್ಥಿಗಳು ಅದರ ಮೇಲೆಯೇ ನಡೆದು ತರಗತಿಗೆ ಹೋಗುತ್ತಾರೆ. ಆ ದಿನ ಗೋಡೆಯ ಬಳಿ ಬಹಳ ಮಂದಿ ಸೇರಿದ್ದರು. ಸರಿಯಾಗಿ ಮಧ್ಯಾಹ್ನ 1 ಗಂಟೆಗೆ, ಬೇಸ್‌ಬಾಲ್ ಪ್ರಶಸ್ತಿಯನ್ನು ನಿರ್ಧರಿಸುವ ಏಳು ಪಂದ್ಯಗಳ ಸರಣಿಯಾದ 1960ರ ವರ್ಲ್ಡ್ ಸೀರೀಸ್‌ನ ಏಳನೆಯ ಪಂದ್ಯದ ರೇಡಿಯೊ ವೀಕ್ಷಕ ವಿವರಣೆಯ ಧ್ವನಿಮುದ್ರಿಕೆಯನ್ನು ಮೊದಲಿನಿಂದ ಹಚ್ಚಿದರು. 1985ರಲ್ಲಿ ಅಭಿಮಾನಿಯೊಬ್ಬರು ಒಬ್ಬರೇ ಟೇಪ್ ರೆಕಾರ್ಡರ್ ಹಿಡಿದು ಇದೇ ಜಾಗದಲ್ಲಿ ಕುಳಿತು ಇಡೀ ಪಂದ್ಯವನ್ನು ಕೇಳಿದರಂತೆ. ಮುಂದಿನ ವರ್ಷಗಳಲ್ಲಿ ಒಬ್ಬೊಬ್ಬರಾಗಿ ಬಂದು ಸೇರಿ ಅದು ಊರಿನ ಆಚರಣೆಯೇ ಆಯಿತು.

ಆ ಪಂದ್ಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನೀವು ಕೇಳುವ ಅರ್ಧ ಮಾತುಗಳು ಅಲ್ಲಿಂದಲೇ ಹೊರಡುತ್ತವೆ. ಪೈರೇಟ್ಸ್ ಅದಕ್ಕೂ ಹಿಂದೆ ಕೊನೆಯ ಬಾರಿ ಗೆದ್ದದ್ದು 1925ರಲ್ಲಿ. ಎದುರಿಗಿದ್ದದ್ದು ಮಿಕಿ ಮ್ಯಾಂಟಲ್, ಯೋಗಿ ಬೆರಾ, ರೋಜರ್ ಮ್ಯಾರಿಸ್ ಅವರಿದ್ದ ನ್ಯೂಯಾರ್ಕ್ ಯಾಂಕೀಸ್. ಮೂರು ಪಂದ್ಯಗಳನ್ನು ಯಾಂಕೀಸ್ 16-3, 10-0, 12-0 ಅಂತರದಲ್ಲಿ ಗೆದ್ದಿತ್ತು; ಪೈರೇಟ್ಸ್ ಗೆದ್ದ ಮೂರೂ ಪೈಪೋಟಿಯ ಗೆಲುವುಗಳು. ಏಳನೆಯ ಪಂದ್ಯದ ಎಂಟನೆಯ ಇನಿಂಗ್ಸ್‌ನಲ್ಲಿ ಪೈರೇಟ್ಸ್ 4-7ರಿಂದ ಹಿಂದಿತ್ತು. ಆಗ ಬಿಲ್ ವರ್ಡನ್ ಹೊಡೆದ ಸಾಮಾನ್ಯ ನೆಲದ ಚೆಂಡೊಂದು ತಟ್ಟನೆ ಪುಟಿದು ಯಾಂಕೀಸ್‌ನ ಟೋನಿ ಕ್ಯುಬೆಕ್ ಅವರ ಗಂಟಲಿಗೆ ಬಡಿಯಿತು. ಇಬ್ಬರು ಔಟಾಗಬೇಕಿದ್ದ ಎಡೆಯಲ್ಲಿ ಒಬ್ಬರೂ ಔಟಾಗಲಿಲ್ಲ, ಅದರ ಬೆನ್ನಿಗೆ ಒಂದು ರನ್ನೂ ಬಂತು. ಸ್ವಲ್ಪ ಹೊತ್ತಿನ ಮೇಲೆ, ಇಬ್ಬರು ಔಟಾಗಿದ್ದಾಗ, ರೊಬರ್ಟೊ ಕ್ಲೆಮೆಂಟೆ ನಿಧಾನವಾಗಿ ಉರುಳುವ ಚೆಂಡೊಂದನ್ನು ಹೊಡೆದು ಉಸಿರು ಬಿಗಿಹಿಡಿದು ಮೊದಲ ಬೇಸಿಗೆ ಓಡಿದರು. ಪಿಚರ್, ಅಂದರೆ ಚೆಂಡೆಸೆಯುವವರು, ಅಲ್ಲಿಗೆ ಬರಲು ತಡಮಾಡಿದ್ದರಿಂದ ಅವರು ಉಳಿದುಕೊಂಡರು, ಇನ್ನೊಂದು ರನ್ ಬಂತು. ಮುಂದಿನ ಬ್ಯಾಟುಗಾರ ಹ್ಯಾಲ್ ಸ್ಮಿತ್ ಚೆಂಡನ್ನು ಮೈದಾನದಾಚೆಗೆ ಕಳಿಸಿ ಮೂರು ರನ್ನುಗಳ ಹೋಮ್ ರನ್ ಹೊಡೆದು 9-7 ಮಾಡಿದರು. ಒಂಬತ್ತನೆಯ ಇನಿಂಗ್ಸ್‌ನಲ್ಲಿ ಯಾಂಕೀಸ್ 9-9ಕ್ಕೆ ಸಮಗೊಳಿಸಿತು. ಆಮೇಲೆ ಮೊದಲು ಬ್ಯಾಟ್ ಹಿಡಿದು ಬಂದ ಬಿಲ್ ಮ್ಯಾಜೆರಾಸ್ಕಿ, ರಾಲ್ಫ್ ಟೆರಿ ಎಸೆದ ಎರಡನೆಯ ಚೆಂಡನ್ನು ಎಡಗಡೆಯ ಗೋಡೆಯಾಚೆಗೆ ಹೊಡೆದರು; 10-9ರಿಂದ ಪಂದ್ಯವನ್ನೂ ಸರಣಿಯನ್ನೂ ಪೈರೇಟ್ಸ್ ಗೆದ್ದಿತು. ಸಮಯ ಮಧ್ಯಾಹ್ನ 3:36. ಧ್ವನಿಮುದ್ರಿಕೆಯನ್ನು 1 ಗಂಟೆಗೆ ಹಚ್ಚುವುದು ಈ 3:36ಕ್ಕಾಗಿ.

ಗೋಡೆಯ ಬಳಿ ಕುಳಿತವರೆಲ್ಲರಿಗೂ ಕೊನೆ ಏನೆಂದು ಗೊತ್ತಿದೆ. ಆದರೂ ಚೆಂಡು ಕ್ಯುಬೆಕ್ ಅವರ ಗಂಟಲಿಗೆ ಬಡಿಯುವ ಹೊತ್ತಿಗೆ ಎಲ್ಲರೂ ಮಾತು ನಿಲ್ಲಿಸಿದ್ದನ್ನು ನಾನು ಕಂಡೆ. ನನ್ನ ಪಕ್ಕದ ಹಿರಿಯರು ತೊಡೆಯ ಮೇಲೆ ಒಂದು ಹಳದಿಗಟ್ಟಿದ ಸ್ಕೋರ್ ಹಾಳೆಯನ್ನು ಹರಡಿಕೊಂಡಿದ್ದರು. 1960ರಲ್ಲಿ ಅವರಿಗೆ ಹದಿನೈದು ವರ್ಷ. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕ್ರೈಸ್ತ ಸಂನ್ಯಾಸಿನಿಯೊಬ್ಬರು ಅಂದು ತಾವೇ ರೇಡಿಯೊ ತಂದು ಮೇಜಿನ ಮೇಲಿಟ್ಟರಂತೆ. ಕೇಳುತ್ತ ಕೇಳುತ್ತ ಪೆನ್ಸಿಲಿನಿಂದ ಗುರುತು ಹಾಕಿದ ಹಾಳೆ ಅದು. ಎಂಟನೆಯ ಇನಿಂಗ್ಸ್‌ನ ಚೌಕದಲ್ಲಿ ಪೆನ್ಸಿಲ್ ಒತ್ತಿದ ರಭಸಕ್ಕೆ ಕಾಗದ ತೂತಾಗಿದೆ. ಆ ತೂತಿನ ಮೇಲೆ ಬೆರಳಿಟ್ಟು, ‘ಹ್ಯಾಲ್ ಸ್ಮಿತ್’ ಎಂದರು, ಮತ್ತೇನೂ ಹೇಳಲಿಲ್ಲ.

ನನಗೆ ಅರ್ಥವಾದದ್ದು ಅಂದೇ. ಇವರ ನೆನಪು ಕಿವಿಯಿಂದ ಬೆಳೆದ ನೆನಪು. ಆ ಕಾಲದಲ್ಲಿ ವರ್ಲ್ಡ್ ಸೀರೀಸ್ ಪಂದ್ಯಗಳೆಲ್ಲ ಹಗಲಿನಲ್ಲಿ, ಕೆಲಸದ ಮತ್ತು ಶಾಲೆಯ ವೇಳೆಯಲ್ಲಿ ನಡೆಯುತ್ತಿದ್ದವು. ರಾತ್ರಿ ದೀಪದಡಿ ಮೊದಲ ವರ್ಲ್ಡ್ ಸೀರೀಸ್ ಪಂದ್ಯ ನಡೆದದ್ದು 1971ರ ಅಕ್ಟೋಬರ್ 13ರಂದು, ಅದೂ ಇದೇ ಊರಿನಲ್ಲಿ. ರೇಡಿಯೊದಲ್ಲಿ ಬೇಸ್‌ಬಾಲ್ ಪಂದ್ಯ ಮೊತ್ತಮೊದಲು ಪ್ರಸಾರವಾದದ್ದು ಕೂಡ ಈ ಊರಿನ ಕೆಡಿಕೆಎ ಕೇಂದ್ರದಿಂದ, 1921ರ ಆಗಸ್ಟ್ 5ರಂದು, ಫೋರ್ಬ್ಸ್ ಫೀಲ್ಡ್‌ನಿಂದಲೇ. 1960ರ ಆ ಪಂದ್ಯವನ್ನು ಟಿವಿಯಲ್ಲಿ ತೋರಿಸಿದ್ದರೂ ಅದರ ಪೂರ್ಣ ಚಿತ್ರಮುದ್ರಿಕೆ ಅಳಿದುಹೋಯಿತೆಂದೇ ಐದು ದಶಕ ಎಲ್ಲರೂ ನಂಬಿದ್ದರು. ತಂಡದ ಪಾಲುದಾರರಲ್ಲಿ ಒಬ್ಬರಾಗಿದ್ದ ಗಾಯಕ ಬಿಂಗ್ ಕ್ರಾಸ್ಬಿ, ತಾನು ನೋಡಿದರೆ ತಂಡಕ್ಕೆ ಅಪಶಕುನವಾದೀತೆಂದು ಹೆದರಿ ಪ್ಯಾರಿಸ್ಸಿನಲ್ಲಿ ಉಳಿದು, ಆಮೇಲೆ ನೋಡಲೆಂದು ಪಂದ್ಯವನ್ನು ಚಿತ್ರಮುದ್ರಿಸಿ ಇಡಿಸಿದ್ದರು. ಅದು ಅವರ ಮನೆಯ ವೈನ್ ನೆಲಮಾಳಿಗೆಯಲ್ಲಿ 2009ರಲ್ಲಿ ಸಿಕ್ಕಿತು. ಅಲ್ಲಿಯವರೆಗೆ ಇವರ ಬಳಿ ಇದ್ದದ್ದು ಧ್ವನಿ ಮತ್ತು ಹೇಳಿಕೊಂಡು ಬಂದ ಮಾತು. ಆ ಧ್ವನಿಯಲ್ಲಿ ತಪ್ಪುಗಳೂ ಇವೆ. ವಿವರಣೆಗಾರ ಚಕ್ ಥಾಮ್ಸನ್ ಉದ್ವೇಗದಲ್ಲಿ ಟೆರಿ ಎನ್ನುವ ಬದಲು ಪಿಚರ್ ಆರ್ಟ್ ಡಿಟ್ಮರ್ ಎಂದುಬಿಟ್ಟರು, ಸ್ಕೋರನ್ನೂ ಮೊದಲು 10-0 ಎಂದು ಹೇಳಿ ತಿದ್ದಿಕೊಂಡರು. ಗೋಡೆಯ ಬಳಿ ಕುಳಿತವರು ಆ ತಪ್ಪುಗಳನ್ನೂ ಪ್ರೀತಿಯಿಂದ ಕಾಯುತ್ತಾರೆ.

ಇದು ನಮಗೆ ಹೊಸದೇನಲ್ಲ. ನನ್ನ ತಂದೆ, 1974ರ ರಣಜಿ ಸೆಮಿಫೈನಲ್‌ನಲ್ಲಿ ಪ್ರಸನ್ನ ಅವರು ಗವಾಸ್ಕರ್ ಅವರನ್ನು ಬೌಲ್ಡ್ ಮಾಡಿದ ಎಸೆತವನ್ನು ಊಟಕ್ಕೆ ಕುಳಿತಾಗ ಕೈಯಲ್ಲಿದ್ದ ತುತ್ತು ಒಣಗುವವರೆಗೆ ವರ್ಣಿಸುತ್ತಿದ್ದರು. ಹದಿನೈದು ವರ್ಷ ಸತತವಾಗಿ ಗೆದ್ದಿದ್ದ ಬಾಂಬೆ ತಂಡವನ್ನು ಕರ್ನಾಟಕ ಬೆಂಗಳೂರಿನಲ್ಲಿ ತಡೆದ ಪಂದ್ಯ ಅದು. ನನ್ನ ಪಕ್ಕದ ಮನೆಯವರಿಗೆ ನಾನು ಮೊದಲು ಹೇಳಿದ ಕ್ರೀಡೆಯ ಕಥೆ ಅದೇ. ಕ್ರಿಕೆಟ್ ತಿಳಿಯದಿದ್ದರೂ, ‘ನಿಮ್ಮ ತಂದೆ ಆಗ ಎಲ್ಲಿ ಕುಳಿತಿದ್ದರು?’ ಎಂದು ಅವರು ಕೇಳಿದರು. ಅದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಇಂದಿಗೂ ಸಿಕ್ಕಿಲ್ಲ. ನೀವೂ ಅದನ್ನೇ ಕೇಳಿ. ಯಾರು ಶ್ರೇಷ್ಠ ಆಟಗಾರ ಎಂದು ಕೇಳಿದರೆ ನಿಮಗೆ ಅಂಕಿಗಳು ಸಿಗುತ್ತವೆ, ವಾದವೂ ಬೆಳೆಯುತ್ತದೆ. ಆ ಹೊತ್ತಿನಲ್ಲಿ ನೀವು ಎಲ್ಲಿದ್ದಿರಿ ಎಂದು ಕೇಳಿದರೆ ಒಂದು ಮನೆ, ಒಂದು ಬೀದಿ, ತೀರಿಹೋದ ಅಣ್ಣ, ಎಲ್ಲವೂ ತೆರೆದುಕೊಳ್ಳುತ್ತವೆ.

ಮ್ಯಾಜೆರಾಸ್ಕಿ ಅವರ ವಿಷಯದಲ್ಲಿ ಒಂದು ಎಚ್ಚರ. ಆ ಒಂದು ಹೊಡೆತಕ್ಕಾಗಿ ಮಾತ್ರ ಅವರನ್ನು ಹೊಗಳಿದರೆ ಇಲ್ಲಿನ ಹಿರಿಯರು ಬೇಸರಪಡುತ್ತಾರೆ, ಮತ್ತು ಅವರ ಬೇಸರ ನ್ಯಾಯವಾದದ್ದು. ಅವರು ಎರಡನೆಯ ಬೇಸ್ ಕಾಯುತ್ತಿದ್ದ ಅಸಾಧಾರಣ ಕ್ಷೇತ್ರರಕ್ಷಕರು. ಆ ಸ್ಥಾನದಲ್ಲಿ 1,706 ಡಬಲ್ ಪ್ಲೇಗಳಲ್ಲಿ, ಅಂದರೆ ಒಂದೇ ಚೆಂಡಿಗೆ ಇಬ್ಬರನ್ನು ಔಟ್ ಮಾಡುವ ಆಟದಲ್ಲಿ, ಪಾಲ್ಗೊಂಡ ದಾಖಲೆ ಅವರದು. ಸ್ಕೋರ್ ಹಾಳೆಯಲ್ಲಿ ಪ್ರತಿ ಸ್ಥಾನಕ್ಕೂ ಒಂದು ಸಂಖ್ಯೆ ಇದೆ, ಮೊದಲ ಬೇಸಿನವರದು 3, ಎರಡನೆಯ ಬೇಸಿನವರದು 4, ಎರಡನೆಯ ಮತ್ತು ಮೂರನೆಯ ಬೇಸಿನ ನಡುವೆ ನಿಲ್ಲುವವರದು 6. ನಮ್ಮ ಹಿರಿಯರ ತಗಡಿನ ಡಬ್ಬಿಯಲ್ಲಿರುವ ಹಾಳೆಗಳ ತುಂಬ 6-4-3, 6-4-3 ಎಂಬ ಗುರುತು ಕಾಣುತ್ತದೆ. ಚೆಂಡು ಅವರ ಕೈಗವಸನ್ನು ಸೋಕಿತೋ ಇಲ್ಲವೋ ಎಂಬಷ್ಟರಲ್ಲಿ ಮೊದಲ ಬೇಸಿನತ್ತ ಹಾರಿರುತ್ತಿತ್ತಂತೆ.

ಇನ್ನು ಕ್ಲೆಮೆಂಟೆ. ಪೋರ್ಟೊ ರಿಕೊದ ಕೆರೊಲಿನಾ ಎಂಬಲ್ಲಿ 1934ರಲ್ಲಿ ಹುಟ್ಟಿ, 1955ರಿಂದ 1972ರವರೆಗೆ ಹದಿನೆಂಟು ಋತು ಇದೊಂದೇ ತಂಡಕ್ಕೆ ಆಡಿದವರು. ಬಲಗಡೆಯ ಮೈದಾನದ ಆಳದಿಂದ ಅವರು ಎಸೆಯುತ್ತಿದ್ದ ಚೆಂಡಿನ ವೇಗವನ್ನು ಹೇಳುವಾಗ ಎಂಬತ್ತರ ಮುದುಕರೂ ಎದ್ದುನಿಂತು ತೋಳು ಬೀಸಿ ತೋರಿಸುತ್ತಾರೆ. ನಮ್ಮಂಥವರು ಮನಸ್ಸಿಗೆ ತಂದುಕೊಳ್ಳಬೇಕಾದದ್ದು ಬೇರೆಯೂ ಇದೆ. ಪತ್ರಿಕೆಗಳೂ ಆಟಗಾರರ ಚಿತ್ರದ ಕಾರ್ಡುಗಳೂ ಅವರನ್ನು ಬಹುಕಾಲ ‘ಬಾಬ್’ ಎಂದು ಕರೆದವು. ತನ್ನ ಹೆಸರು ರೊಬರ್ಟೊ ಎಂದು ಅವರು ಬಿಡದೆ ಹೇಳುತ್ತಿದ್ದರು. ಅವರ ಇಂಗ್ಲಿಷ್ ಉಚ್ಚಾರವನ್ನು ವರದಿಗಾರರು ಹಾಸ್ಯವಾಗುವಂತೆ ಅಕ್ಷರಕ್ಕಿಳಿಸಿ ಅಚ್ಚು ಹಾಕಿದರು. 1960ರ ಸರಣಿಯ ಏಳೂ ಪಂದ್ಯಗಳಲ್ಲಿ ಹಿಟ್, ಅಂದರೆ ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟುವ ಹೊಡೆತ, ಗಳಿಸಿದ್ದರೂ ಆ ವರ್ಷದ ಅತ್ಯುತ್ತಮ ಆಟಗಾರನ ಮತದಾನದಲ್ಲಿ ಅವರಿಗೆ ಸಿಕ್ಕದ್ದು ಎಂಟನೆಯ ಸ್ಥಾನ. ಕಚೇರಿಯಲ್ಲಿ ನನ್ನ ಹೆಸರನ್ನು ಎರಡಕ್ಷರಕ್ಕೆ ಮೊಟಕುಗೊಳಿಸಿದಾಗ ನಾನು ಸುಮ್ಮನಿದ್ದೆ; ಕ್ಲೆಮೆಂಟೆ ಕಥೆ ಕೇಳಿದ ಮೇಲೆ ಪೂರ್ಣ ಹೆಸರನ್ನು ಬಳಸಲು ಕೇಳಿಕೊಂಡೆ. 1971ರಲ್ಲಿ ಪೈರೇಟ್ಸ್ ಮತ್ತೆ ಗೆದ್ದಾಗ ಸರಣಿಯ ಶ್ರೇಷ್ಠ ಆಟಗಾರ ಅವರೇ. ಟಿವಿಯವರು ಮಾತನಾಡಿಸಲು ಬಂದಾಗ ಅವರು ಮೊದಲು ಸ್ಪ್ಯಾನಿಷ್ ಭಾಷೆಯಲ್ಲಿ, ಇಡೀ ಅಮೆರಿಕ ನೋಡುತ್ತಿರುವಂತೆಯೇ, ಊರಿನಲ್ಲಿದ್ದ ತಂದೆತಾಯಿಯರ ಆಶೀರ್ವಾದ ಬೇಡಿದರು.

1972ರ ಸೆಪ್ಟೆಂಬರ್ 30ರಂದು ಅವರು ತಮ್ಮ 3,000ನೆಯ ಹಿಟ್ ಹೊಡೆದರು. ಲೀಗ್ ಪಂದ್ಯಗಳಲ್ಲಿ ಅದೇ ಕೊನೆಯದೂ ಆಯಿತು. ಡಿಸೆಂಬರ್‌ನಲ್ಲಿ ನಿಕರಾಗುವಾದ ಮನಾಗುವಾ ನಗರ ಭೂಕಂಪಕ್ಕೆ ಸಿಲುಕಿತು. ಡಿಸೆಂಬರ್ 31ರ ರಾತ್ರಿ ಪರಿಹಾರ ಸಾಮಗ್ರಿ ಹೊತ್ತು ಅವರು ಹೊರಟ ವಿಮಾನ ಸ್ಯಾನ್ ಹ್ವಾನ್ ತೀರದಾಚೆ ಸಮುದ್ರಕ್ಕೆ ಬಿತ್ತು. ದೇಹ ಸಿಗಲೇ ಇಲ್ಲ. ಗೆಳೆಯನೂ ತಂಡದ ಕ್ಯಾಚರೂ (ಬ್ಯಾಟುಗಾರನ ಹಿಂದೆ ಚೆಂಡು ಹಿಡಿಯುವವರು) ಆಗಿದ್ದ ಮ್ಯಾನಿ ಸಾಂಗಿಯೆನ್, ತಂಡದವರೆಲ್ಲ ಪ್ರಾರ್ಥನಾ ಸಭೆಯಲ್ಲಿದ್ದಾಗ, ಮುಳುಗುಗಾರರೊಂದಿಗೆ ಸಮುದ್ರಕ್ಕಿಳಿದು ಹುಡುಕುತ್ತಿದ್ದರು. ಹೊಸ ವರ್ಷದ ದಿನ ಇಲ್ಲಿನ ಮನೆಗಳಲ್ಲಿ ಹಂದಿ ಮಾಂಸದೊಂದಿಗೆ ಹುಳಿ ಬರಿಸಿದ ಎಲೆಕೋಸು ಬೇಯಿಸುವ ವಾಡಿಕೆ ಇದೆ. ಸುದ್ದಿ ರೇಡಿಯೊದಲ್ಲಿ ಬಂದಾಗ ತಮ್ಮ ತಾಯಿ ಒಲೆ ಆರಿಸಿ ಕುಳಿತರೆಂದೂ, ಆ ದಿನ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲವೆಂದೂ ನಮ್ಮ ಹಿರಿಯರು ಹೇಳುತ್ತಾರೆ. ಎಲೆಕೋಸು ಬೇಯುವ ವಾಸನೆ ಬಂದರೆ ಇಂದಿಗೂ ಅವರಿಗೆ ಕ್ಲೆಮೆಂಟೆ ನೆನಪಾಗುತ್ತಾರೆ. ಈಗಿನ ಪಿಎನ್‌ಸಿ ಪಾರ್ಕ್‌ನಲ್ಲಿ ಬಲಗಡೆಯ ಗೋಡೆ 21 ಅಡಿ ಎತ್ತರವಿರುವುದು ಅವರ ಅಂಗಿಯ ಸಂಖ್ಯೆ 21 ಆಗಿತ್ತೆಂಬ ಗೌರವಕ್ಕೆ.

1979ರ ತಂಡದ ಮಾತು ಬಂದರೆ ವಿಲ್ಲಿ ಸ್ಟಾರ್ಜೆಲ್ ಅವರನ್ನು ‘ಪಾಪ್ಸ್’ ಎಂದು ಕರೆಯುವುದನ್ನು ಕೇಳುವಿರಿ; 1-3ರಿಂದ ಹಿಂದಿದ್ದ ಸರಣಿಯನ್ನು ಅವರ ನಾಯಕತ್ವದಲ್ಲಿ ಪೈರೇಟ್ಸ್ ಗೆದ್ದಿತು. ಪಿಎನ್‌ಸಿ ಪಾರ್ಕ್‌ನಲ್ಲಿ ಮೊದಲ ಲೀಗ್ ಪಂದ್ಯ ನಡೆದ 2001ರ ಏಪ್ರಿಲ್ 9ರ ದಿನವೇ ಅವರು ತೀರಿಕೊಂಡರು. 1992ರ ಮಾತನ್ನು ನೀವಾಗಿ ಎತ್ತಬೇಡಿ. ಅಟ್ಲಾಂಟಾದಲ್ಲಿ ಕೊನೆಯ ಗಳಿಗೆಯಲ್ಲಿ ಸೋತ ಮೇಲೆ ಇಪ್ಪತ್ತು ಋತು ಸತತವಾಗಿ ಗೆಲುವಿಗಿಂತ ಸೋಲೇ ಹೆಚ್ಚಾಗಿತ್ತು; ಆ ಗಾಯ ಇನ್ನೂ ಹಸಿಯಾಗಿದೆ.

ಒಂದು ವಿಷಯವನ್ನು ನೀವು ಕೇಳದಿದ್ದರೂ ಹೇಳಬೇಕೆನಿಸುತ್ತದೆ. ಬಿಳಿಯರ ಲೀಗ್‌ಗಳು ಕಪ್ಪು ಆಟಗಾರರಿಗೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಇದೇ ಊರಿನಲ್ಲಿ ಕ್ರಾಫರ್ಡ್ಸ್ ಮತ್ತು ಹೋಮ್‌ಸ್ಟೆಡ್ ಗ್ರೇಸ್ ಎಂಬ ಎರಡು ಮಹಾನ್ ತಂಡಗಳಿದ್ದವು. ಕ್ಯಾಚರ್ ಜಾಶ್ ಗಿಬ್ಸನ್ ಎರಡಕ್ಕೂ ಆಡಿದರು. 1947ರ ಜನವರಿಯಲ್ಲಿ, 35ನೆಯ ವಯಸ್ಸಿನಲ್ಲಿ, ಜ್ಯಾಕಿ ರಾಬಿನ್ಸನ್ ಆ ಬಾಗಿಲು ತೆರೆದು ಬಿಳಿಯರ ಮೇಜರ್ ಲೀಗ್ ಪ್ರವೇಶಿಸುವುದಕ್ಕೆ ಮೂರು ತಿಂಗಳು ಮೊದಲು ತೀರಿಕೊಂಡರು. ಅವರ ಆಟ ಬಹುಮಟ್ಟಿಗೆ ಉಳಿದದ್ದು ಹಿಲ್ ಡಿಸ್ಟ್ರಿಕ್ಟ್ ಬಡಾವಣೆಯ ಕ್ಷೌರದಂಗಡಿಗಳ, ಚರ್ಚುಗಳ ಅಂಗಳದ ಮಾತಿನಲ್ಲಿ. ನನ್ನೊಡನೆ ಕೆಲಸ ಮಾಡುತ್ತಿದ್ದ ಹಿರಿಯ ಕಪ್ಪು ಮಹಿಳೆಯೊಬ್ಬರು, ತಂದೆ ಗ್ರೀನ್‌ಲೀ ಫೀಲ್ಡ್‌ನಲ್ಲಿ ಕಂಡ ಗಿಬ್ಸನ್ ಹೊಡೆತಗಳನ್ನು ತಾವೇ ಕಂಡಂತೆ ವರ್ಣಿಸುತ್ತಿದ್ದರು. ಕೇಳಿದವರಲ್ಲಿ ಕೆಲವರು ಅದು ಉತ್ಪ್ರೇಕ್ಷೆಯೆಂದು ತಳ್ಳಿಹಾಕುತ್ತಿದ್ದರು. 2024ರ ಮೇ ತಿಂಗಳಲ್ಲಿ ಕಪ್ಪು ಆಟಗಾರರ ಆ ಕಾಲದ ನೀಗ್ರೊ ಲೀಗ್‌ಗಳ ಅಂಕಿಅಂಶಗಳು ಮೇಜರ್ ಲೀಗ್‌ನ ಅಧಿಕೃತ ದಾಖಲೆಗೆ ಸೇರಿದಾಗ ಗಿಬ್ಸನ್ ಅವರ .372 ಬ್ಯಾಟಿಂಗ್ ಸರಾಸರಿ ಟೈ ಕಾಬ್ ಅವರದನ್ನು ಹಿಂದಿಕ್ಕಿ ಸಾರ್ವಕಾಲಿಕ ಮೊದಲ ಸ್ಥಾನಕ್ಕೆ ಬಂತು. ನಿವೃತ್ತರಾಗಿದ್ದ ಆ ಮಹಿಳೆಗೆ ಫೋನ್ ಮಾಡಿದೆ. ‘ಅಪ್ಪ ಸುಳ್ಳು ಹೇಳುತ್ತಿರಲಿಲ್ಲ’ ಎಂದರು.

ಮುಂದಿನ ಅಕ್ಟೋಬರ್ 13ರಂದು ನೀವು ಗೋಡೆಯ ಬಳಿಗೆ ಬನ್ನಿ. ಒಂದು ಗಂಟೆಗೆ ಕಾಲು ಗಂಟೆ ಮುಂಚೆ ಬಂದರೆ ಕುರ್ಚಿ ಹಾಕಲು ಜಾಗ ಸಿಗುತ್ತದೆ. ಮೂರರ ಮೇಲೆ ಗಾಳಿ ತಣ್ಣಗಾಗುತ್ತದೆ, ಸ್ವೆಟರ್ ತನ್ನಿ. ಪಕ್ಕದಲ್ಲಿ ಯಾರ ಕೈಯಲ್ಲಾದರೂ ಹಳೆಯ ಸ್ಕೋರ್ ಹಾಳೆ ಕಂಡರೆ, ಅದನ್ನು ಬರೆದಾಗ ಅವರು ಎಲ್ಲಿದ್ದರೆಂದು ಕೇಳಿ. ಆದರೆ ಎಂಟನೆಯ ಇನಿಂಗ್ಸ್ ಶುರುವಾಗುವುದಕ್ಕೆ ಮೊದಲೇ ಕೇಳಿಬಿಡಿ, ಆಮೇಲೆ ಯಾರೂ ಮಾತನಾಡುವುದಿಲ್ಲ.