ಗೋಡೆಯ ಮೇಲಿನ ಸನ್ನದು

ದಕ್ಷಿಣ ಕೊಡಗಿನ ಓದುಗರೊಬ್ಬರು, ಹೆಸರು ಬೇಡವೆಂದು ಕೇಳಿಕೊಂಡು, ಬರೆದ ಪತ್ರದ ಸಾರ:

‘ಯಜಮಾನರು ತೀರಿಕೊಂಡು ನಾಲ್ಕು ತಿಂಗಳಾಯಿತು. ಅವರ ಹೆಸರಿನಲ್ಲಿದ್ದ ಬಾರ್ ಅಂಡ್ ರೆಸ್ಟೋರೆಂಟ್ ಈಗ ನನ್ನ ಪಾಲಿಗೆ ಬಂದಿದೆ. ನಾನು ಒಂದು ದಿನವೂ ಅದರ ಬಾಗಿಲು ದಾಟಿದವಳಲ್ಲ. ಪರಿಚಯದವರೊಬ್ಬರು ಬಂದು, “ಲೀಸಿಗೆ ಕೊಡಿ, ಸನ್ನದು ನಿಮ್ಮ ಹೆಸರಲ್ಲೇ ಇರಲಿ, ತಿಂಗಳು ತಿಂಗಳು ದುಡ್ಡು ಮನೆಗೆ ತಲುಪಿಸುತ್ತೇನೆ, ವರ್ಷಕ್ಕೊಮ್ಮೆ ಸಹಿ ಹಾಕಿದರೆ ಸಾಕು, ಮುಂದೆ ಕುಶಾಲನಗರದ ಹೈವೇ ಕಡೆಗೆ ಸ್ಥಳಾಂತರ ಮಾಡಿಸೋಣ” ಅನ್ನುತ್ತಿದ್ದಾರೆ. ಮಗ ತೋಟದಲ್ಲಿ ಹೋಂಸ್ಟೇ ಶುರು ಮಾಡಿದ್ದಾನೆ. ಅತಿಥಿಗಳಿಗೆ ಬಾರಿನಿಂದಲೇ ತಂದುಕೊಟ್ಟರಾಯಿತು, ಕೊಡಗಿನವರಿಗೆ ಇದರಲ್ಲೆಲ್ಲ ವಿನಾಯಿತಿ ಇದೆ ಅನ್ನುತ್ತಾನೆ. ಶುಲ್ಕ ಕಟ್ಟಿದರೆ ನಮ್ಮ ಜವಾಬ್ದಾರಿ ಮುಗಿಯಿತೇ? ನೀವು ಹೇಳಿ.’

ಅಕ್ಕ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಇಂಥ ಪತ್ರಗಳಿಗೆ ನಾಲ್ಕು ಸಾಲಿನಲ್ಲಿ ಉತ್ತರ ಬರೆದು ಮುಗಿಸುವುದು ನಮ್ಮ ಪತ್ರಿಕೆಯ ವಾಡಿಕೆ. ಆದರೆ ಕೊನೆಯ ಪ್ರಶ್ನೆಯನ್ನು ನೀವು ಕೇಳಿದ ರೀತಿ ನೋಡಿ, ಇದಕ್ಕೆ ಪುಟ ಬಿಟ್ಟುಕೊಡಲೇಬೇಕು ಅನಿಸಿತು. ಬಾರ್ ನಡೆಸುವವರು ಯಾರೂ ಈವರೆಗೆ ನಮಗೆ ಈ ಪ್ರಶ್ನೆ ಬರೆದಿಲ್ಲ.

ಲೀಸಿನ ಮಾತನ್ನು ಮೊದಲು ಮುಗಿಸುತ್ತೇನೆ. ಬೇಡ. ಸನ್ನದು ಗದ್ದೆಯಲ್ಲ, ಗೇಣಿಗೆ ಕೊಡಲು. ಅಂಗಡಿಯ ಮಳಿಗೆಯೂ ಅಲ್ಲ. ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲ ಎಂದು ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದ್ದೇ ನಮ್ಮ ರಾಜ್ಯದಿಂದ ಹೋದ ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲಿ, 1994ರಲ್ಲಿ. ಸರ್ಕಾರ ತನ್ನ ಕೈಯಲ್ಲಿರುವ ಅಧಿಕಾರದ ಒಂದು ತುಣುಕನ್ನು ಷರತ್ತು ಹಾಕಿ, ಇಂಥ ವ್ಯಕ್ತಿಗೆ, ಇಂಥ ಕಟ್ಟಡದೊಳಗೆ, ಇಂತಿಷ್ಟು ಕಾಲಕ್ಕೆ ಎಂದು ಕೊಡುತ್ತದೆ. ಜುಲೈ 1ರಿಂದ ಮರುವರ್ಷದ ಜೂನ್ 30ರವರೆಗೆ, ಅಷ್ಟೇ ಅದರ ಆಯುಸ್ಸು. ಯಜಮಾನರು ತೀರಿಕೊಂಡ ಮೇಲೆ ವಾರಸುದಾರರಾದ ನೀವು ಅರ್ಜಿ ಕೊಟ್ಟು ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಲು ನಿಯಮದಲ್ಲೇ ದಾರಿ ಇದೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದುಕೊಂಡು ಮಡಿಕೇರಿಯ ಅಬಕಾರಿ ಉಪ ಆಯುಕ್ತರ ಕಚೇರಿಗೆ ಹೋಗಿ. ನಾಳೆ ಹೋಗುವುದಾದರೆ ನಾಡಿದ್ದಿಗೆ ಮುಂದೂಡಬೇಡಿ.

ಹೆಸರು ನಿಮ್ಮದು, ವ್ಯಾಪಾರ ಅವರದು ಎಂಬ ಒಳ ಒಪ್ಪಂದಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ಕೌಂಟರಿನಲ್ಲಿ ನಿಂತ ಹುಡುಗ ತಪ್ಪು ಮಾಡಿದರೂ ಕೇಸಿನಲ್ಲಿ ಸನ್ನದುದಾರರ ಹೆಸರು ಬರುತ್ತದೆ. ಸನ್ನದು ಅಮಾನತಾದರೂ ರದ್ದಾದರೂ ಆ ಪರಿಚಯದವರು ಇನ್ನೊಂದು ಬಾರು ಹುಡುಕಿಕೊಂಡು ಹೋಗುತ್ತಾರೆ. ಕೋರ್ಟಿನ ಕಟಕಟೆಯಲ್ಲಿ ನಿಲ್ಲುವವರು ನೀವು.

ಅವರಿಗೆ ಇಷ್ಟು ಆಸಕ್ತಿ ಯಾಕೆ ಎಂಬುದೂ ನಿಮಗೆ ಗೊತ್ತಿರಲಿ. ವೈನ್ ಶಾಪಿನ ಸಿಎಲ್-2, ನಿಮ್ಮಂಥ ಬಾರಿನ ಸಿಎಲ್-9, ಇವೆರಡನ್ನೂ ಸರ್ಕಾರ ದಶಕಗಳ ಕಾಲ ಹೊಸದಾಗಿ ಯಾರಿಗೂ ಕೊಡಲಿಲ್ಲ. ಇದ್ದದ್ದೇ ಕೈಯಿಂದ ಕೈಗೆ, ಊರಿಂದ ಊರಿಗೆ ಓಡಾಡುತ್ತಾ ಬಂತು. ಹಾಗಾಗಿ ಹಳೆಯ ಸನ್ನದಿಗೆ ಬಂಗಾರದ ಬೆಲೆ, ಹೈವೇ ಪಕ್ಕದ ಜಾಗದಲ್ಲಿದ್ದರೆ ಇನ್ನೂ ಹೆಚ್ಚು. ಆ ಆಸೆಗೂ ಮಿತಿ ಹಾಕಿದ್ದಾರೆ. ಶಾಲೆ, ಆಸ್ಪತ್ರೆ, ದೇವಸ್ಥಾನ-ಮಸೀದಿ-ಚರ್ಚು, ಸರ್ಕಾರಿ ಕಚೇರಿ, ಪರಿಶಿಷ್ಟ ಜಾತಿ-ಪಂಗಡದವರೇ ಹೆಚ್ಚಾಗಿರುವ ವಸತಿ, ಇವುಗಳಿಂದ 100 ಮೀಟರ್ ದೂರ ಇರಬೇಕು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದ ಅಂಗಡಿ ಬೇಡವೆಂದು 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು ಆದೇಶಿಸಿತು. 20,000ಕ್ಕಿಂತ ಹೆಚ್ಚು ಜನರಿಲ್ಲದ ಊರುಗಳಿಗೆ ಅದನ್ನು 2017ರ ಮಾರ್ಚ್ 31ರಂದು 220 ಮೀಟರಿಗೆ ಇಳಿಸಿತು. ಪಟ್ಟಣದ ಮಿತಿಯೊಳಗೆ ಆಮೇಲೆ ಸಡಿಲಿಕೆ ಸಿಕ್ಕಿತು, ನಿಜ. ಆದರೂ ‘ಸ್ಥಳಾಂತರ ಮಾಡಿಸೋಣ’ ಎಂಬುದು ಚಹಾ ಕುಡಿದಷ್ಟು ಸಲೀಸಲ್ಲ. ನಮ್ಮ ಜಿಲ್ಲೆಯಲ್ಲಿ ಆದಿವಾಸಿಗಳ ಹಾಡಿಗಳು ಎಲ್ಲೆಲ್ಲಿವೆ ಎಂದು ನೆನಪಿಸಿಕೊಳ್ಳಿ. ಆ ನಿಯಮ ಯಾರನ್ನು ಕಾಯಲು ಬರೆದದ್ದು ಎಂದು ತಾನೇ ಗೊತ್ತಾಗುತ್ತದೆ.

ಇನ್ನು ಮಗನ ಮಾತು. ಕೊಡಗಿನವರಿಗೆ ವಿನಾಯಿತಿ ಇರುವುದು ಕೋವಿಗೆ. ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಕೊಟ್ಟ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಮದ್ಯ ಮಾರಲು ಅಂಥ ವಿನಾಯಿತಿ ಇಲ್ಲ. ಗುರುಕಾರೋಣರಿಗೆ, ಅಂದರೆ ಕುಲದ ಹಿರಿಯರಿಗೆ, ಮೀದಿ ಎಡೆ ಇಡುವಾಗ ಒಂದು ಲೋಟ ಇಡುತ್ತೇವೆ, ಕೈಲ್‌ಪೊಳ್ದಿಗೆ, ಪುತ್ತರಿ ಹಬ್ಬಕ್ಕೆ ನೆಂಟರು ಬಂದಾಗ ಮನೆಯಲ್ಲಿ ಸುರಿದುಕೊಡುತ್ತೇವೆ. ಅದು ಮನೆಯ ಸಂಪ್ರದಾಯ. ಮದುವೆಗೆ ಹಾಲ್ ಹಿಡಿದು ನೂರಾರು ಜನರಿಗೆ ಬಡಿಸುವಾಗಲೂ ಸಂದರ್ಭದ ಸನ್ನದು, ಸಿಎಲ್-5, ತೆಗೆದುಕೊಳ್ಳಬೇಕು. ಹಾಗಿರುವಾಗ ದುಡ್ಡು ಕೊಟ್ಟು ತಂಗುವ ಅಪರಿಚಿತರಿಗೆ ಹೋಂಸ್ಟೇಯಲ್ಲಿ ಮದ್ಯ ಕೊಟ್ಟು ಬಿಲ್ಲಿಗೆ ಸೇರಿಸುವುದನ್ನು ಸಂಪ್ರದಾಯ ಎಂದರೆ ಯಾವ ಅಧಿಕಾರಿ ಒಪ್ಪುತ್ತಾನೆ? ನಿಮ್ಮ ಸಿಎಲ್-9 ಇರುವುದು ಆ ಕಟ್ಟಡದೊಳಗೆ ಕುಳಿತು ಕುಡಿಯುವವರಿಗೆ. ಸೀಲು ಒಡೆಯದ ಬಾಟಲಿ ಪಾರ್ಸೆಲ್ ಕೊಡುವುದಕ್ಕೇ ಅದರಲ್ಲಿ ಅವಕಾಶವಿಲ್ಲ. ಬಾರಿನ ದಾಸ್ತಾನನ್ನು ಜೀಪಿನಲ್ಲಿ ತೋಟಕ್ಕೆ ಸಾಗಿಸಿದರೆ ತಾಯಿಯ ಸನ್ನದು, ಮಗನ ಹೋಂಸ್ಟೇ, ಎರಡೂ ಒಂದೇ ದಿನ ಹೋಗುತ್ತವೆ. ಪತ್ರದ ಅಂಚಿನಲ್ಲಿ ನೀವು ಸಣ್ಣದಾಗಿ ಬರೆದ ಮನೆಯ ದ್ರಾಕ್ಷಿ ವೈನಿಗೂ ಇದೇ ಮಾತು. ಮಡಿಕೇರಿಯ ಅಂಗಡಿಗಳಲ್ಲಿ ಸಾಲಾಗಿ ಜೋಡಿಸಿದ್ದನ್ನು ನಾನೂ ನೋಡಿದ್ದೇನೆ. ಸನ್ನದಿಲ್ಲದೆ ಮಾರಿದರೆ ಅಪರಾಧವೇ.

ಇಷ್ಟು ಕಾಗದದ ಮಾತಾಯಿತು. ನನಗೆ ನಿಜವಾಗಿ ಹೇಳಬೇಕಾದದ್ದು ಇನ್ನು ಮುಂದಿದೆ.

ನನ್ನ ತಂದೆ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ನಮ್ಮ ಮನೆ ಕೂಲಿಕಾರರ ಲೈನ್ ಮನೆಗಳ ತುದಿಯಲ್ಲಿತ್ತು. ಕೂಲಿ ಬಟವಾಡೆಯ ದಿನ ಸಂಜೆ ಹೆಂಗಸರು ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದರು. ಗಂಡಸರು ಪೇಟೆಗೆ ಹೋಗಿರುತ್ತಿದ್ದರು. ಅಕ್ಕಿ ತರುತ್ತಾರೋ, ಬರಿಗೈಯಲ್ಲಿ ಬರುತ್ತಾರೋ, ಬಂದೇ ಬರುತ್ತಾರೋ ಇಲ್ಲವೋ ಎಂದು ಆ ಹೆಂಗಸರು ಕತ್ತಲಾಗುವವರೆಗೂ ರಸ್ತೆ ನೋಡುತ್ತಿದ್ದರು. ಒಂದು ಮಳೆಗಾಲದ ರಾತ್ರಿ ಒಬ್ಬರು ಬರಲಿಲ್ಲ. ಬೆಳಿಗ್ಗೆ ಕೆರೆಯ ಪಕ್ಕದ ಚರಂಡಿಯಲ್ಲಿ ಸಿಕ್ಕರು, ಜೀವ ಇರಲಿಲ್ಲ. ಪೇಟೆಯ ಬಾರೊಂದರಲ್ಲಿ ಕಾಲು ನಿಲ್ಲದ ಸ್ಥಿತಿಯಲ್ಲೂ ಅವರಿಗೆ ಇನ್ನೊಂದು ಕ್ವಾರ್ಟರ್ ಕೊಟ್ಟಿದ್ದರಂತೆ. ಆ ಬಾರಿನ ಗೋಡೆಯ ಮೇಲೆ ಸನ್ನದು ಇತ್ತು, ಚೌಕಟ್ಟು ಹಾಕಿ ತೂಗಿದ್ದರು, ಶುಲ್ಕವೂ ಕಟ್ಟಿತ್ತು.

ಅಮಲೇರಿದವರಿಗೆ ಮತ್ತೆ ಮದ್ಯ ಕೊಡಬಾರದು ಎಂಬುದು ಸನ್ನದಿನ ಷರತ್ತುಗಳಲ್ಲೇ ಇದೆ, ಅಕ್ಕ. ಯಾರೂ ಓದುವುದಿಲ್ಲ. ಓದಿದವರೂ ‘ಗಿರಾಕಿಗೆ ಇಲ್ಲ ಅನ್ನುವುದು ಹೇಗೆ’ ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಬಾರಿನ ಇಡೀ ಜವಾಬ್ದಾರಿ ಇರುವುದು ಆ ಒಂದು ಮಾತಿನಲ್ಲಿ. ನಿಮ್ಮ ಕೌಂಟರಿನಲ್ಲಿ ‘ಇಲ್ಲ, ಇವತ್ತಿಗೆ ಸಾಕು, ಮನೆಗೆ ಹೋಗಿ’ ಎಂದು ಹೇಳುವ ಮನುಷ್ಯ ಯಾರು? ಅವನಿಗೆ ಹಾಗೆ ಹೇಳುವ ಧೈರ್ಯ ಕೊಟ್ಟವರು ಯಾರು? ಸಂಬಳದ ಜೊತೆ ಮಾರಾಟದ ಮೇಲೆ ಕಮಿಷನ್ ಕೊಟ್ಟರೆ ಅವನು ಯಾವತ್ತೂ ಹೇಳುವುದಿಲ್ಲ. ಲೀಸಿಗೆ ಹಿಡಿದವರು ತಿಂಗಳ ದುಡ್ಡು ಹೊಂದಿಸುವ ಒತ್ತಡದಲ್ಲಿ ಅವನಿಗೆ ಹೇಳಲು ಬಿಡುವುದೂ ಇಲ್ಲ. ಲೀಸು ಬೇಡವೆಂದದ್ದಕ್ಕೆ ಕಾನೂನಿಗಿಂತ ದೊಡ್ಡ ಕಾರಣ ನನ್ನ ಮಟ್ಟಿಗೆ ಇದು.

ಬೇರೆ ಜಿಲ್ಲೆಯಲ್ಲಿ ಕುಡಿದವನು ಬೀದಿದೀಪದ ಕೆಳಗೆ ನಡೆದು ಮನೆ ಸೇರಬಹುದು. ನಮ್ಮಲ್ಲಿ ಬಾರಿನಿಂದ ಲೈನ್ ಮನೆಗೆ ಹೋಗುವ ದಾರಿ ತೋಟದ ನಡುವೆ, ಕತ್ತಲಲ್ಲಿ, ಮಂಜಿನಲ್ಲಿ. ಆನೆ ನಿಂತಿದ್ದರೆ ಎಚ್ಚರವಿದ್ದವನಿಗೇ ಹತ್ತು ಮಾರು ದೂರದಲ್ಲಿ ಕಾಣುವುದಿಲ್ಲ. ತಿತಿಮತಿ, ಸಿದ್ದಾಪುರ, ಪಾಲಿಬೆಟ್ಟದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಚ್ಚುವ ಹೊತ್ತಿಗೆ ತೋಟದ ಕಡೆ ಹೋಗುವವರಿಗೆ ಒಂದು ಆಟೋ ಗೊತ್ತುಮಾಡಿ ಇಡುವುದು ಯಾವ ನಿಯಮದಲ್ಲೂ ಇಲ್ಲ. ನೀವು ಮಾಡಬಹುದು. ಒಂದು ಆಟೋ, ವಾರಕ್ಕೆ ಒಂದು ದಿನ, ಬಟವಾಡೆಯ ರಾತ್ರಿ.

ವಾಹನದಲ್ಲಿ ಬಂದವರ ವಿಷಯ ಬೇರೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ಮೀರಿದರೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಎಷ್ಟೋ ಜನಕ್ಕೆ ಎರಡು ಪೆಗ್ಗಿಗೇ ಆ ಮಿತಿ ದಾಟಿರುತ್ತದೆ. ನಮ್ಮ ತಿರುವುಗಳಲ್ಲಿ ಪೊಲೀಸರಿಗಿಂತ ಮೊದಲು ಕಂದಕ ಸಿಗುತ್ತದೆ. ಪ್ರವಾಸಿಗರ ಗುಂಪು ಬಂದಾಗ ಗಾಡಿ ಓಡಿಸುವವರು ಯಾರು ಎಂದು ಸಪ್ಲೈಯರ್ ಒಂದು ಮಾತು ಕೇಳಲಿ. ಅವರಿಗೆ ಲೈಮ್ ಸೋಡಾ ಪುಕ್ಕಟೆ ಕೊಡಲಿ.

ವಯಸ್ಸಿನ ವಿಷಯದಲ್ಲಿ ಗೊಂದಲವಿದೆ. ಅಬಕಾರಿ ಕಾಯ್ದೆ 18 ಎನ್ನುತ್ತದೆ, ಸನ್ನದುಗಳ ಬಗೆಗಿನ 1967ರ ಸಾಮಾನ್ಯ ಷರತ್ತುಗಳ ನಿಯಮ 21 ಎನ್ನುತ್ತದೆ. ಅದನ್ನು 18ಕ್ಕೆ ಇಳಿಸುವ ಕರಡು 2023ರಲ್ಲಿ ಬಂದಿತ್ತು, ವಿರೋಧ ಬಂದ ಮೇಲೆ ಸರ್ಕಾರವೇ ಕೈಬಿಟ್ಟಿತು. ನೀವು 21 ಎಂದೇ ಹಿಡಿಯಿರಿ. ಮೀಸೆ ಚಿಗುರಿದ ಹುಡುಗರು ಬಂದರೆ ಗುರುತಿನ ಚೀಟಿ ಕೇಳಲಿ. ತೋರಿಸದಿದ್ದರೆ ಊಟ ಕೊಡಲಿ, ಮದ್ಯ ಬೇಡ. ಪರಿಚಯದವರ ಮಗನಾದರೂ ಅಷ್ಟೇ, ಪರಿಚಯದವರ ಮಗನಾದರೆ ಇನ್ನೂ ಹೆಚ್ಚು. 18 ತುಂಬದ ಮಗುವಿನ ಕೈಗೆ ಮದ್ಯ ಕೊಟ್ಟರೆ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ.

ಹಿಂಬಾಗಿಲನ್ನೂ ಮರೆಯಬೇಡಿ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಸಾರಾಯಿ ಹೋಗಿ ಆ ಜಾಗಕ್ಕೆ 90 ಮಿಲಿಯ ಅಗ್ಗದ ವಿಸ್ಕಿ ಪೊಟ್ಟಣ ಬಂತು. ಹಳ್ಳಿಯ ಗೂಡಂಗಡಿಗೆ ಬೆಳಗಿನ ಜಾವ ರಟ್ಟಿನ ಪೆಟ್ಟಿಗೆಯಲ್ಲಿ ಹೋಗುವ ಮಾಲು ಆಕಾಶದಿಂದ ಇಳಿಯುವುದಿಲ್ಲ, ಸನ್ನದು ಇರುವ ಯಾವುದೋ ಅಂಗಡಿಯಿಂದಲೇ ಹೊರಡುತ್ತದೆ. ಲೈನ್ ಮನೆಯ ಬಾಗಿಲಿಗೇ ಮದ್ಯ ತಲುಪುವುದು ಹೀಗೆ, ಆರು ಗಂಟೆಗೆ, ಕೆಲಸಕ್ಕೆ ಹೋಗುವ ಮುಂಚೆ, ಸಾಲಕ್ಕೆ. ಗೂಡಂಗಡಿಯವನ ಮೇಲೆ ಅಬಕಾರಿ ಕಾಯ್ದೆಯ 15(ಎ) ಕಲಂ ಹಾಕಿ ಕೇಸು ಮಾಡುತ್ತಾರೆ, ಅವನು ದಂಡ ಕಟ್ಟಿ ಮರುದಿನ ಬಾಗಿಲು ತೆಗೆಯುತ್ತಾನೆ. ಮೂಲ ನಿಲ್ಲಿಸುವ ಶಕ್ತಿ ಇರುವುದು ಸನ್ನದುದಾರರಿಗೆ. ಕೆಎಸ್‌ಬಿಸಿಎಲ್ (ಸರ್ಕಾರಿ ಮದ್ಯ ಸರಬರಾಜು ನಿಗಮ) ಡಿಪೋದಿಂದ ಬಂದ ಪೆಟ್ಟಿಗೆ ಎಷ್ಟು, ಟೇಬಲ್ಲಿಗೆ ಹೋದದ್ದೆಷ್ಟು, ಉಳಿದದ್ದೆಷ್ಟು ಎಂದು ದಾಸ್ತಾನು ಪುಸ್ತಕವನ್ನು ನೀವೇ ಕುಳಿತು ತಾಳೆ ನೋಡಿ. ಸಂಸಾರದ ಅಕ್ಕಿ-ಬೇಳೆ ಲೆಕ್ಕ ಇಟ್ಟವರಿಗೆ ಅದು ಕಷ್ಟವಲ್ಲ. ಅಲ್ಲಿ ತಾಳೆಯಾಗದ ಪೆಟ್ಟಿಗೆ ಕಂಡರೆ, ಅದು ಹೋದ ದಾರಿ ಕೇಳಿ.

ಚುನಾವಣೆಗೆ ಮತದಾನ ಮುಗಿಯುವ ಮುಂಚಿನ 48 ಗಂಟೆ, ಗಾಂಧಿ ಜಯಂತಿ, ಜಿಲ್ಲಾಧಿಕಾರಿ ಹೇಳಿದ ದಿನಗಳು, ಈ ದಿನಗಳಲ್ಲೆಲ್ಲ ಮುಂಬಾಗಿಲು ಹಾಕಿ ಅಡುಗೆಮನೆಯ ಕಡೆಯಿಂದ ಕೊಡುವ ರೂಢಿ ನಿಮ್ಮಲ್ಲಿದ್ದರೆ ಇವತ್ತೇ ನಿಲ್ಲಿಸಿ. ಆಹಾರ ಸುರಕ್ಷತೆಯ ಪರವಾನಗಿ ಚಾಲ್ತಿಯಲ್ಲಿದೆಯೇ ಎಂದೂ ನೋಡಿಬಿಡಿ.

ಬಾರನ್ನೇ ಮುಚ್ಚಿಬಿಡಿ ಎಂದು ನಾನು ಹೇಳುತ್ತೇನೆಂದು ನೀವು ನಿರೀಕ್ಷಿಸಿದ್ದೀರೋ ಏನೋ. ಹಾಗೆ ಹೇಳಲಾರೆ. ನೀವು ಸನ್ನದು ಬಿಟ್ಟರೆ ಅದು ಆ ಪರಿಚಯದವರಂಥವರ ಕೈಗೇ ಹೋಗುತ್ತದೆ. ನಿಮ್ಮ ಕೈಯಲ್ಲಿದ್ದರೆ, ಲೈನ್ ಮನೆಯ ಹೆಂಗಸೊಬ್ಬಳು ಬಂದು ‘ನನ್ನ ಗಂಡನಿಗೆ ಇನ್ನು ಕೊಡಬೇಡಿ ಅಮ್ಮ’ ಎಂದು ಕೇಳಲು ಒಂದು ಬಾಗಿಲಾದರೂ ಇರುತ್ತದೆ.

ಜೂನ್ 30ರ ಒಳಗೆ ನವೀಕರಣದ ಅರ್ಜಿ ಹೋಗಬೇಕು. ಸಹಿ ಹಾಕುವ ಮೊದಲು ಒಂದು ಕೆಲಸ ಮಾಡಿ. ಮುಂದಿನ ಬಟವಾಡೆಯ ದಿನ ಸಂಜೆ ಆರು ಗಂಟೆಗೆ ಹೋಗಿ, ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಕುರ್ಚಿ ಹಾಕಿಸಿಕೊಂಡು, ಬಾಗಿಲು ಹಾಕುವವರೆಗೆ ಕುಳಿತುಕೊಳ್ಳಿ. ಮಗನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅಲ್ಲಿ ಕಂಡದ್ದನ್ನು ನನಗೆ ಬರೆಯಿರಿ, ಹೆಸರು ಹಾಕದೆ ಪ್ರಕಟಿಸುತ್ತೇನೆ.

ಸಂಪಾದಕ