ನಲ್ಲಿ ಸೋರುತ್ತಿದೆ, ಅದನ್ನೇ ಇಂಗ್ಲಿಷ್‌ನಲ್ಲಿ ಹೇಳಲಿ

ಈ ಸಲ ಬಂದ ಪತ್ರಗಳಲ್ಲಿ ಆರು ಒಂದೇ ವಿಷಯಕ್ಕೆ ಸೇರಿದವು. ಇಂಗ್ಲಿಷ್ ಕಲಿಯುತ್ತಿರುವವರಿಗೆ ಪರಿಸರದ ಸಮಸ್ಯೆಗಳ ಬಗ್ಗೆ, ಅವುಗಳ ಪರಿಹಾರದ ಬಗ್ಗೆ ಪಾಠ ಮಾಡೋದು ಹೇಗೆ? ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ಇಂಗ್ಲಿಷ್ ಕಲಿಸಲು ಶುರು ಮಾಡಿ ಒಂದು ವರ್ಷವಾಯಿತು. ನನ್ನ ವಿದ್ಯಾರ್ಥಿಗಳಿಗೆ ಮೂರು ವಾಕ್ಯ ಜೋಡಿಸಿ ಮಾತಾಡುವುದೇ ಕಷ್ಟ. ಪರಿಸರದ ಪಾಠ ಬಂದರೆ ಡಿಫಾರೆಸ್ಟೇಶನ್, ಬಯೋಡೈವರ್ಸಿಟಿ, ಗ್ರೀನ್‌ಹೌಸ್ ಎಫೆಕ್ಟ್ ಅಂತ ಇಪ್ಪತ್ತು ಪದಗಳ ಪಟ್ಟಿ. ಅರ್ಥ ಬರೆಸುತ್ತೇನೆ, ಬಾಯಿಪಾಠ ಮಾಡುತ್ತಾರೆ, ವಾರ ಕಳೆದರೆ ಒಂದೂ ನೆನಪಿರುವುದಿಲ್ಲ. ಎಲ್ಲಿ ತಪ್ಪುತ್ತಿದೆ?

ಪದಗಳು ತೀರಾ ಬೇಗ ಬರುತ್ತಿವೆ. ಹೇಳಲು ಏನೂ ಇಲ್ಲದವರ ಕೈಗೆ ಇಪ್ಪತ್ತು ದೊಡ್ಡ ಪದ ಕೊಟ್ಟರೆ ಅವರು ಅದನ್ನಿಟ್ಟುಕೊಂಡು ಏನು ಮಾಡಬೇಕು? ಮೊದಲು ಹೇಳಲೇಬೇಕು ಅನ್ನಿಸುವ ಒಂದು ಸಂಗತಿ ಕಣ್ಣ ಮುಂದೆ ಬರಲಿ. ಪದ ಆಮೇಲೆ ತಾನಾಗಿ ಬೇಕಾಗುತ್ತದೆ.

ನಾನು ನಲ್ಲಿಯಿಂದ ಶುರು ಮಾಡುತ್ತೇನೆ. ತೊಟ್ಟಿಕ್ಕುವ ನಲ್ಲಿ ಸಿಕ್ಕಿದರೆ ಸರಿ, ಇಲ್ಲದಿದ್ದರೆ ಚೆನ್ನಾಗಿರುವ ನಲ್ಲಿಯನ್ನೇ ಸ್ವಲ್ಪ ಸಡಿಲ ಬಿಡಿ. ಕೆಳಗೆ 200 ಮಿಲಿಲೀಟರ್ ಹಿಡಿಯುವ ಒಂದು ಲೋಟ ಇಡಿ. ಒಬ್ಬರು ಗಡಿಯಾರ ನೋಡಲಿ. ಈಗ ಮೊದಲ ವಾಕ್ಯ: 'ದಿ ಟ್ಯಾಪ್ ಈಸ್ ಡ್ರಿಪ್ಪಿಂಗ್.' ಕಣ್ಣೆದುರೇ ಆಗುತ್ತಿದೆ, ಹಾಗಾಗಿ 'ಈಸ್ ಡ್ರಿಪ್ಪಿಂಗ್' ಯಾಕೆ ಅಂತ ವ್ಯಾಕರಣ ಬಿಡಿಸಿ ಹೇಳುವ ಕೆಲಸವೇ ಬೀಳುವುದಿಲ್ಲ. ಲೋಟ ತುಂಬಲು ಹತ್ತು ನಿಮಿಷ ಹಿಡಿಯಿತು ಅಂದುಕೊಳ್ಳಿ. ಗಂಟೆಗೆ ಎಷ್ಟು ಲೋಟ? ಆರು. ದಿನಕ್ಕೆ? 144. ಲೀಟರ್ ಲೆಕ್ಕದಲ್ಲಿ ಹತ್ತಿರ ಹತ್ತಿರ 29. 'ಹೌ ಮೆನಿ ಗ್ಲಾಸಸ್?' ಅಂತ ಕೇಳುತ್ತೇವೆ, ಆದರೆ 'ಹೌ ಮಚ್ ವಾಟರ್?' ಅನ್ನುತ್ತೇವೆ. ಲೋಟ ಎಣಿಸಬಹುದು, ನೀರನ್ನು ಎಣಿಸಲು ಆಗುವುದಿಲ್ಲ. ವರ್ಷಗಟ್ಟಲೆ ಗೊಂದಲವಾಗಿ ಉಳಿಯುವ ಈ ವ್ಯತ್ಯಾಸ ಅಲ್ಲೇ, ಒದ್ದೆ ಕೈಯಲ್ಲೇ ಅರ್ಥವಾಗಿಬಿಡುತ್ತದೆ.

ಆಮೇಲೆ ಕಾರಣ ಕೇಳಿ. ನಲ್ಲಿ ಯಾಕೆ ಸೋರುತ್ತದೆ? ಒಳಗಿನ ವಾಶರ್ ಸವೆದಿರುತ್ತದೆ. 'ಬಿಕಾಸ್ ದಿ ವಾಶರ್ ಈಸ್ ಓಲ್ಡ್.' ಅದರಿಂದ ಏನಾಗುತ್ತದೆ? 'ಸೋ ವಿ ಲೂಸ್ ವಾಟರ್.' ಏನು ಮಾಡಬೇಕು? 'ವಿ ಶುಡ್ ಚೇಂಜ್ ದಿ ವಾಶರ್.' ನೋಡಿ, ಸಮಸ್ಯೆ, ಕಾರಣ, ಪರಿಣಾಮ, ಪರಿಹಾರ ನಾಲ್ಕೂ ಒಂದು ನಲ್ಲಿಯಲ್ಲೇ ಮುಗಿಯಿತು. ಪರಿಸರದ ಬಗ್ಗೆ ಆಡುವ ಯಾವ ಮಾತಿಗೂ ಹೆಚ್ಚುಕಡಿಮೆ ಇದೇ ನಾಲ್ಕು ಕಂಬ. ನಾಳೆ ನಲ್ಲಿಯ ಜಾಗಕ್ಕೆ ಕಾಡು ತನ್ನಿ. ಮರ ಕಡಿದರೆ ಬೇರು ಹಿಡಿದಿಟ್ಟಿದ್ದ ಮಣ್ಣು ಮಳೆಗೆ ಕೊಚ್ಚಿಹೋಗುತ್ತದೆ ಅನ್ನುವುದನ್ನು ಅವರು ಸಣ್ಣ ಪದಗಳಲ್ಲೇ ಹೇಳುತ್ತಾರೆ. ಡಿಫಾರೆಸ್ಟೇಶನ್ ಅನ್ನುವ ಪದವನ್ನು ಆಗ ಕೊಡಿ. ಬೋರ್ಡಿನ ಮೇಲೆ ಮೂರು ತುಂಡು ಮಾಡಿ ಬರೆಯಿರಿ: ಡಿ, ಫಾರೆಸ್ಟ್, ಏಶನ್. ನಡುವೆ ಕಾಡು ಕೂತಿದೆ, ಮುಂದಿನ 'ಡಿ' ಅದನ್ನು ತೆಗೆದುಹಾಕುತ್ತಿದೆ. 'ರಿ' ಹಾಕಿದರೆ ಅದೇ ಕಾಡು ವಾಪಸ್ ಬರುತ್ತದೆ, ರಿಫಾರೆಸ್ಟೇಶನ್.

ನನ್ನ ಒಂದು ತರಗತಿಯಲ್ಲಿ ಒಬ್ಬ ಹುಡುಗಿ ತಿಂಗಳಾದರೂ ಬಾಯಿ ಬಿಟ್ಟಿರಲಿಲ್ಲ. ಗಡಿಯಾರ ಅವಳ ಕೈಗೆ ಕೊಟ್ಟಿದ್ದೆ. ಲೋಟದ ಅಂಚಿಗೆ ನೀರು ಬಂದು, ಉಬ್ಬಿ, ಇನ್ನೇನು ಚೆಲ್ಲಬೇಕು ಅನ್ನುವಾಗ 'ಸ್ಟಾಪ್! ಇಟ್ ಈಸ್ ಫುಲ್!' ಅಂತ ಕೂಗಿದಳು. ಆ ಎರಡು ವಾಕ್ಯಕ್ಕೆ ಯಾವ ಪಟ್ಟಿಯೂ ಬೇಕಾಗಲಿಲ್ಲ.

ಪ್ರಶ್ನೆ: 'ಟುಡೇ ಕ್ಲೈಮೇಟ್ ಈಸ್ ವೆರಿ ಹಾಟ್' ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ತಿದ್ದಿದರೂ ಹೋಗುತ್ತಿಲ್ಲ. ವೆದರ್ ಮತ್ತು ಕ್ಲೈಮೇಟ್ ವ್ಯತ್ಯಾಸ ಹೇಗೆ ಹೇಳಲಿ?

ತಪ್ಪು ಎಲ್ಲಿಂದ ಹುಟ್ಟುತ್ತದೆ ಅಂತ ನೋಡಿದರೆ ತಿದ್ದುವುದು ಸುಲಭ. ಕನ್ನಡದಲ್ಲಿ ನಾವು ಎರಡಕ್ಕೂ ಹವಾಮಾನ ಅಂತಲೇ ಅನ್ನುತ್ತೇವೆ. ನಾಳೆ ಮಳೆ ಬರುತ್ತದಾ ಅಂತ ತಿಳಿಯಲು ಹವಾಮಾನ ವರದಿ ನೋಡುತ್ತೇವೆ, ಭೂಮಿ ಬಿಸಿಯಾಗುವ ವಿಷಯ ಬಂದರೆ ಹವಾಮಾನ ಬದಲಾವಣೆ ಅನ್ನುತ್ತೇವೆ. ವಾಯುಗುಣ ಅನ್ನುವ ಬೇರೆ ಪದ ಇದೆ, ಆದರೆ ಅದು ಪಠ್ಯಪುಸ್ತಕ ಬಿಟ್ಟು ಹೊರಗೆ ಬರುವುದು ಕಡಿಮೆ. ಹಾಗಾಗಿ ಕಲಿಯುವವರ ತಲೆಯಲ್ಲಿ ಇರುವುದು ಒಂದೇ ಪದ, ಇಂಗ್ಲಿಷ್ ಕೇಳುವುದು ಎರಡು.

ವೆದರ್ ಅಂದರೆ ಇವತ್ತು, ಈಗ, ಕಿಟಕಿಯಾಚೆ ಕಾಣುವುದು. ಕ್ಲೈಮೇಟ್ ಅಂದರೆ ಒಂದು ಜಾಗದಲ್ಲಿ ವರ್ಷಾನುಗಟ್ಟಲೆ ಇರುವ ವಾಡಿಕೆ. ವಿಶ್ವ ಹವಾಮಾನ ಸಂಸ್ಥೆ ಇದಕ್ಕೆ ಸಾಮಾನ್ಯವಾಗಿ 30 ವರ್ಷಗಳ ಸರಾಸರಿ ಹಿಡಿಯುತ್ತದೆ. ಒಂದು ವಾರ ಪ್ರತಿದಿನ ಕಿಟಕಿಯಾಚೆ ನೋಡಿ ಒಂದು ವಾಕ್ಯ ಬರೆಸಿ: 'ಟುಡೇ ಇಟ್ ಈಸ್ ಕ್ಲೌಡಿ.' ವಾರದ ಕೊನೆಗೆ, ಮನೆಯ ಹಿರಿಯರನ್ನು ಕೇಳಿ ಬರಲು ಹೇಳಿ, ನೀವು ಚಿಕ್ಕವರಿದ್ದಾಗ ಈ ತಿಂಗಳು ಹೇಗಿರುತ್ತಿತ್ತು ಅಂತ. ಅವರು ಕನ್ನಡದಲ್ಲಿ ಹೇಳಿದ್ದನ್ನು ಇವರು 'ಇಟ್ ಯೂಸ್ಡ್ ಟು ಬಿ' ಅಂತ ಶುರು ಮಾಡಿ ಬರೆಯಲಿ. ಒಬ್ಬರ ನೆನಪೇ ಸಾಕ್ಷಿ ಅಲ್ಲ, ಅದನ್ನು ಮಕ್ಕಳಿಗೆ ಹೇಳಲೇಬೇಕು. ಆದರೆ ಇವತ್ತು ಮತ್ತು ಹಲವು ವರ್ಷ ಅನ್ನುವ ಎರಡು ಅಳತೆ ಬೇರೆ ಬೇರೆ ಅಂತ ಮನಸ್ಸಿಗೆ ನಾಟಲು ಇದಕ್ಕಿಂತ ಒಳ್ಳೆ ದಾರಿ ನನಗೆ ಕಂಡಿಲ್ಲ.

ಪ್ರಶ್ನೆ: ಓಝೋನ್ ರಂಧ್ರದಿಂದಲೇ ಭೂಮಿ ಬಿಸಿಯಾಗುತ್ತಿದೆ ಅಂತ ನನ್ನ ವಿದ್ಯಾರ್ಥಿಗಳು ಬರೆದಿದ್ದಾರೆ. ನಿಜ ಹೇಳಬೇಕೆಂದರೆ ನಾನೂ ಹಾಗೇ ಅಂದುಕೊಂಡಿದ್ದೆ. ನಾನು ವಿಜ್ಞಾನ ಓದಿದವಳಲ್ಲ.

ತುಂಬಾ ಜನ ಹಾಗೇ ಅಂದುಕೊಂಡಿದ್ದಾರೆ. ಎರಡೂ ಬೇರೆ. ಆಕಾಶದಲ್ಲಿ ತುಂಬಾ ಮೇಲಿರುವ ಓಝೋನ್ ಅನಿಲದ ಪದರ ಸೂರ್ಯನ ನೇರಳಾತೀತ ಕಿರಣಗಳನ್ನು ತಡೆಯುತ್ತದೆ. ಅದು ತೀರಾ ತೆಳುವಾದರೆ, ಅದನ್ನೇ ರಂಧ್ರ ಅನ್ನುತ್ತಾರೆ, ಆ ಕಿರಣ ಜಾಸ್ತಿ ಒಳಗೆ ಬಂದು ಚರ್ಮಕ್ಕೆ, ಕಣ್ಣಿಗೆ, ಬೆಳೆಗೆ ತೊಂದರೆ. ಭೂಮಿ ಬಿಸಿಯಾಗುವುದಕ್ಕೆ ಮುಖ್ಯ ಕಾರಣ ಕಲ್ಲಿದ್ದಲು, ತೈಲ, ಅನಿಲ ಸುಟ್ಟಾಗ ಬರುವ ಕಾರ್ಬನ್ ಡೈಆಕ್ಸೈಡ್. ಅದು ಹೊರಗೆ ಹೋಗಬೇಕಾದ ಶಾಖವನ್ನು ಹಿಡಿದಿಡುತ್ತದೆ. ಒಂದು ಕಡೆ ಚಾವಣಿ ತೆಳುವಾಗುವುದು, ಇನ್ನೊಂದು ಕಡೆ ಕಂಬಳಿ ದಪ್ಪವಾಗುವುದು, ಅಷ್ಟೇ. ಈ ಎರಡು ಚಿತ್ರ ಬರೆಸಿದರೆ ಸಾಕು.

ಓಝೋನ್ ಕತೆಯನ್ನು ಮಾತ್ರ ಬಿಡಬೇಡಿ. ಭೂತಕಾಲ ಕಲಿಸಲು ಹೇಳಿ ಮಾಡಿಸಿದ ಹಾಗಿದೆ ಅದು. 1974ರಲ್ಲಿ ಮೊಲಿನಾ ಮತ್ತು ರೋಲ್ಯಾಂಡ್ ಎಂಬ ಇಬ್ಬರು ವಿಜ್ಞಾನಿಗಳು, ಫ್ರಿಜ್‌ನಲ್ಲೂ ಸ್ಪ್ರೇ ಡಬ್ಬಿಯಲ್ಲೂ ಬಳಸುತ್ತಿದ್ದ ಸಿಎಫ್‌ಸಿ ಅನಿಲಗಳು ಓಝೋನನ್ನು ಹಾಳು ಮಾಡಬಹುದು ಅಂತ ಎಚ್ಚರಿಸಿದರು. 1985ರಲ್ಲಿ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಎಂಬ ಮೂವರು ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕಾದ ಮೇಲೆ ಪದರ ತೀವ್ರವಾಗಿ ತೆಳುವಾಗಿದೆ ಅಂತ ಪ್ರಕಟಿಸಿದರು. ಎರಡೇ ವರ್ಷದಲ್ಲಿ, 1987ರ ಸೆಪ್ಟೆಂಬರ್ 16ರಂದು, ಇಂಥ ಅನಿಲಗಳನ್ನು ಕಡಿಮೆ ಮಾಡಲು ಮಾಂಟ್ರಿಯಲ್ ಒಪ್ಪಂದ ಆಯಿತು. ಮುಂದೆ ಜಗತ್ತಿನ ಎಲ್ಲ ದೇಶಗಳೂ ಅದಕ್ಕೆ ಸೇರಿದವು. ಸಿಎಫ್‌ಸಿ ಬಳಕೆ ಬಹುಮಟ್ಟಿಗೆ ನಿಂತಿತು. ಅಂಟಾರ್ಕ್ಟಿಕಾದ ಮೇಲಿನ ಪದರ 2066ರ ಸುಮಾರಿಗೆ 1980ರ ಮಟ್ಟಕ್ಕೆ ಮರಳಬಹುದು ಅಂತ ವಿಶ್ವಸಂಸ್ಥೆಯ ಅಂದಾಜು. ಒಂದೇ ಕತೆಯಲ್ಲಿ 'ದೇ ವಾರ್ನ್ಡ್, ದೇ ಫೌಂಡ್, ದೇ ಅಗ್ರೀಡ್' ಬರುತ್ತದೆ, 'ಇಟ್ ಈಸ್ ರಿಕವರಿಂಗ್' ಬರುತ್ತದೆ, 'ಇಟ್ ಮೇ ರಿಟರ್ನ್' ಬರುತ್ತದೆ. ಐದು ಚೀಟಿಯಲ್ಲಿ ಐದು ಘಟನೆ ಬರೆದು, ಇಸವಿ ಅಳಿಸಿ, ಗುಂಪಿಗೆ ಕೊಟ್ಟು ಸರಿಯಾದ ಕ್ರಮದಲ್ಲಿ ಜೋಡಿಸಲು ಹೇಳಿ. ಜೋಡಿಸುವಾಗ ಆಗುವ ಜಗಳ ಇಂಗ್ಲಿಷ್‌ನಲ್ಲೇ ಆಗಲಿ.

ಬಿಸಿಯ ವಿಷಯಕ್ಕೆ ಒಂದು ಗ್ರಾಫ್ ಸಾಕು. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಿಂದ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಅಳೆಯುತ್ತಿದ್ದಾರೆ. ಆಗ ಹತ್ತು ಲಕ್ಷದಲ್ಲಿ ಸುಮಾರು 315 ಭಾಗ ಇತ್ತು, ಈಗ 420 ದಾಟಿದೆ. 'ಹ್ಯಾಸ್ ರಿಸನ್' ಹೇಳಿಕೊಡಲು ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ.

ಪ್ರಶ್ನೆ: ಪರಿಹಾರ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ. 'ವಿ ಶುಡ್ ಪ್ಲಾಂಟ್ ಟ್ರೀಸ್. ವಿ ಶುಡ್ ಸ್ಟಾಪ್ ಪ್ಲಾಸ್ಟಿಕ್.' ಅಲ್ಲಿಗೆ ಮಾತು ಮುಗಿಯುತ್ತದೆ. ಮುಂದೆ ಹೇಗೆ ಒಯ್ಯಲಿ?

'ವಿ' ಅನ್ನುವ ಪದವನ್ನು ಒಂದು ದಿನದ ಮಟ್ಟಿಗೆ ನಿಷೇಧಿಸಿ. ಯಾರು ನೆಡಬೇಕು? ಯಾವ ಮರ, ಎಲ್ಲಿ? ಮೊದಲ ಎರಡು ವರ್ಷ ನೀರು ಹಾಕುವವರು ಯಾರು? 'ವಿ' ಹೋದ ಕೂಡಲೇ ವಾಕ್ಯಕ್ಕೆ ಒಬ್ಬ ಕರ್ತೃ ಬೇಕಾಗುತ್ತದೆ, ಆಗ ಯೋಚನೆಯೂ ಶುರುವಾಗುತ್ತದೆ. 'ಶುಡ್' ಒಂದಕ್ಕೇ ಅಂಟಿಕೊಂಡವರಿಗೆ 'ಕ್ಯಾನ್', 'ಮಸ್ಟ್', 'ಕುಡ್' ಕೊಡಿ. ನಾನು ಮಾಡಬಲ್ಲದ್ದು, ಕಾನೂನು ಮಾಡಲೇಬೇಕಾದದ್ದು, ಕಾರ್ಖಾನೆ ಬೇಕಿದ್ದರೆ ಮಾಡಬಹುದಾದದ್ದು, ಮೂರೂ ಬೇರೆ ಬೇರೆ ಅಲ್ವಾ?

ಇನ್ನೊಂದು, ಒಂದೇ ಉತ್ತರ ಇಲ್ಲದ ಪ್ರಶ್ನೆ ಕೇಳಿ. ಪ್ಲಾಸ್ಟಿಕ್ ಚೀಲ ಮತ್ತು ಬಟ್ಟೆ ಚೀಲ ಮೇಜಿನ ಮೇಲಿಡಿ. ಯಾವುದು ಒಳ್ಳೆಯದು? ಎಲ್ಲರೂ ಬಟ್ಟೆ ಚೀಲ ಅನ್ನುತ್ತಾರೆ. ಆಮೇಲೆ ಹೇಳಿ: ಇಂಗ್ಲೆಂಡಿನ ಪರಿಸರ ಇಲಾಖೆ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಲೆಕ್ಕದಲ್ಲಿ, ಒಂದು ಹತ್ತಿಯ ಚೀಲವನ್ನು 131 ಸಲ ಬಳಸಿದರೆ ಮಾತ್ರ ಭೂಮಿ ಬಿಸಿಯಾಗುವ ವಿಷಯದಲ್ಲಿ ಅದು ಒಂದೇ ಸಲ ಬಳಸಿದ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮ. ತರಗತಿ ಒಂದು ಕ್ಷಣ ಸುಮ್ಮನಾಗುತ್ತದೆ. ಮತ್ತೆ ಯಾರೋ ಒಬ್ಬರು 'ಬಟ್' ಅನ್ನುತ್ತಾರೆ. ಬಟ್, ಪ್ಲಾಸ್ಟಿಕ್ ಚರಂಡಿಗೆ ಹೋಗುತ್ತದೆ, ಸಮುದ್ರಕ್ಕೆ ಹೋಗುತ್ತದೆ, ಆ ಲೆಕ್ಕ ಎಲ್ಲಿ? ಸರಿಯಾದ ಪ್ರಶ್ನೆ. 131 ಅನ್ನುವುದು ಬಿಸಿಯ ಲೆಕ್ಕ ಮಾತ್ರ. 'ಇಟ್ ಡಿಪೆಂಡ್ಸ್ ಆನ್', 'ಆನ್ ದಿ ಅದರ್ ಹ್ಯಾಂಡ್', 'ಇಫ್ ಯು ಯೂಸ್ ಇಟ್ ಎವ್ರಿ ಡೇ' ಎಲ್ಲ ಆಗ ಕೊಡಿ, ಬೇಡುವ ಹೊತ್ತಿಗೆ ಕೈಗೆ ಸಿಕ್ಕ ಪದ ಮರೆತುಹೋಗುವುದಿಲ್ಲ. ಮನೆಯಲ್ಲಿ ಹತ್ತು ಬಟ್ಟೆ ಚೀಲ ಸುಮ್ನೆ ನೇತಾಡುತ್ತಿದ್ದರೆ ಹನ್ನೊಂದನೆಯದು ಪರಿಹಾರವಲ್ಲ ಅಂತ ಅವರೇ ಹೇಳುತ್ತಾರೆ, ಅದೂ ಇಂಗ್ಲಿಷ್‌ನಲ್ಲಿ.

ಪ್ರಶ್ನೆ: ಕರಗುವ ಹಿಮ, ಸಾಯುವ ಪ್ರಾಣಿಗಳ ವಿಡಿಯೊ ತೋರಿಸಿದೆ. ಒಬ್ಬ ಹುಡುಗ ಅತ್ತುಬಿಟ್ಟ. 'ಇನ್ನೇನು ಮಾಡಿ ಏನು ಪ್ರಯೋಜನ' ಅಂತ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ.

ಅವನು ಅತ್ತಿದ್ದು ಒಳ್ಳೆಯ ಮನಸ್ಸಿಗೆ. ಏನೂ ಆಗಿಲ್ಲ ಅಂತ ಸುಳ್ಳು ಸಮಾಧಾನ ಹೇಳಬೇಡಿ. ಆದರೆ ಸಮಸ್ಯೆ ಮತ್ತು ಪರಿಹಾರವನ್ನು ಬೇರೆ ಬೇರೆ ದಿನಕ್ಕೆ ಇಡಬೇಡಿ. ಭಯ ಸೋಮವಾರ, ಭರವಸೆ ಶುಕ್ರವಾರ ಅಂದರೆ ನಡುವಿನ ನಾಲ್ಕು ರಾತ್ರಿ ಆ ಮಗು ಏನು ಮಾಡಬೇಕು? ಪ್ರತಿ ತರಗತಿಯಲ್ಲೂ ಎರಡೂ ಇರಲಿ. ಓಝೋನ್ ಕತೆ ಇದೆ. ಸೀಸದ ಪೆಟ್ರೋಲ್ ಕತೆಯೂ ಇದೆ. 1920ರ ದಶಕದಲ್ಲಿ ಪೆಟ್ರೋಲಿಗೆ ಸೀಸ ಬೆರೆಸಲು ಶುರು ಮಾಡಿದರು. ಅದು ಮಕ್ಕಳ ಮೆದುಳಿಗೆ ಕೆಡುಕು. ಒಂದೊಂದೇ ದೇಶ ಬಿಡುತ್ತಾ ಬಂದು, 2021ರಲ್ಲಿ ಕೊನೆಯದಾಗಿ ಅಲ್ಜೀರಿಯಾದ ಬಂಕುಗಳಲ್ಲೂ ಅದರ ಮಾರಾಟ ನಿಂತಿತು. ಅಂದರೆ ದೊಡ್ಡ ತಪ್ಪನ್ನು ಜನ ತಿದ್ದಿದ್ದಾರೆ, ನಿಧಾನವಾಗಿಯಾದರೂ.

ಜೊತೆಗೆ ಭಾವನೆಯ ಪದಗಳನ್ನೂ ಕೊಡಿ. 'ಐ ಆಮ್ ವರೀಡ್ ಅಬೌಟ್', 'ಐ ಆಮ್ ಆಂಗ್ರಿ ದಟ್', 'ಐ ವಾಂಟ್ ಟು'. ಹೇಳಿಕೊಳ್ಳಲು ಪದ ಸಿಕ್ಕ ಮಗು ಒಳಗೊಳಗೇ ಕುದಿಯುವುದಿಲ್ಲ. ಆ ಹುಡುಗನ ಹತ್ತಿರ ಹೋಗಿ, ಅವನಿಗೆ ಯಾವ ಪ್ರಾಣಿಯನ್ನು ನೋಡಿ ಅಳು ಬಂತು ಅಂತ ಕೇಳಿ. ಮುಂದಿನ ಪಾಠ ಅದರ ಬಗ್ಗೆಯೇ ಇರಲಿ.

ಪ್ರಶ್ನೆ: ತರಗತಿಯಲ್ಲಿ ಕನ್ನಡ ಬಳಸಬಹುದಾ? ಹಾಗೇ 'ಪೊಲ್ಯೂಶನ್ಸ್', 'ಗಾರ್ಬೇಜಸ್' ಅಂತ ತಪ್ಪು ಹೇಳಿದಾಗ ತಕ್ಷಣ ತಿದ್ದಬೇಕಾ?

ಕನ್ನಡ ಧಾರಾಳವಾಗಿ ಬಳಸಿ. ಕನ್ನಡದಲ್ಲಿ ಎರಡು ನಿಮಿಷ ಯೋಚಿಸಿ ಮಾತಾಡಿಕೊಂಡು, ಆಮೇಲೆ ಇಂಗ್ಲಿಷ್‌ನಲ್ಲಿ ಹೇಳಿದರೆ ವಾಕ್ಯದಲ್ಲಿ ತಿರುಳಿರುತ್ತದೆ. ಹೋಲಿಸಿ ನೋಡುವುದಕ್ಕೂ ಕನ್ನಡ ಬೇಕು. ನಮಗೆ ಎಲ್ಲವೂ ಕಸ. ಇಂಗ್ಲಿಷ್‌ನಲ್ಲಿ ಬುಟ್ಟಿಯಲ್ಲಿರುವುದು ಗಾರ್ಬೇಜ್, ಬೀದಿಯಲ್ಲಿ ಬಿಸಾಡಿದ್ದು ಲಿಟರ್, ಕಾರ್ಖಾನೆ ಹೊರಹಾಕುವುದು ವೇಸ್ಟ್. ಇವು ಯಾವುದಕ್ಕೂ ಬಹುವಚನದ 'ಸ್' ಸಾಮಾನ್ಯವಾಗಿ ಹತ್ತುವುದಿಲ್ಲ, ನೀರಿನ ಹಾಗೆ.

ತಿದ್ದುವುದಕ್ಕೆ ಹೊತ್ತು ಇದೆ. ಒಬ್ಬ ಎದ್ದು ನಿಂತು, ಕೆರೆಯಲ್ಲಿ ನೊರೆ ಯಾಕೆ ಬರುತ್ತದೆ ಅಂತ ಮೈಮರೆತು ಹೇಳುತ್ತಿರುವಾಗ 'ಪೊಲ್ಯೂಶನ್ಸ್' ಅಂದರೆ ಅನ್ನಲಿ, ನಡುವೆ ಬಾಯಿ ಹಾಕಬೇಡಿ. ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ. ಎಲ್ಲರೂ ಮಾತಾಡಿ ಮುಗಿಸಿದ ಮೇಲೆ ಯಾರ ಹೆಸರೂ ಹೇಳದೆ ಮೂರೋ ನಾಲ್ಕೋ ವಾಕ್ಯ ಬೋರ್ಡಿಗೆ ಬರೆದು, ತಪ್ಪು ಎಲ್ಲಿದೆ ಅಂತ ಅವರನ್ನೇ ಕೇಳಿ.